ಇನ್ನೂರ ಹನ್ನೆರಡನೆಯ ಪುಟ

ವಿಶ್ವವಿದ್ಯಾಲಯದ ಪ್ರಕಟಣಾಲಯದಲ್ಲಿ ಅವಳು ಹತ್ತೊಂಬತ್ತು ವರ್ಷಗಳಿಂದ ಸಂಪಾದಕಿ. ಪ್ರಾಧ್ಯಾಪಕರು ಬರೆದುಕೊಟ್ಟದ್ದನ್ನು ಓದಿ, ಡೊಂಕು ವಾಕ್ಯಗಳನ್ನು ನೇರ ಮಾಡಿ, ಅಡಿಟಿಪ್ಪಣಿಗಳನ್ನು ಒಂದೊಂದಾಗಿ ತಾಳೆ ನೋಡಿ ಅಚ್ಚಿಗೆ ಕಳಿಸುವುದು ಅವಳ ಕೆಲಸ. ಕಚೇರಿಯಲ್ಲಿ ಅವಳಿಗೆ ‘ಅಲ್ಪವಿರಾಮ’ ಎಂಬ ಅಡ್ಡಹೆಸರಿತ್ತು. ಒಮ್ಮೆ ಒಂದು ಅಲ್ಪವಿರಾಮಕ್ಕಾಗಿ ಇತಿಹಾಸದ ಪ್ರಾಧ್ಯಾಪಕರೊಬ್ಬರ ಜೊತೆ ಫೋನಿನಲ್ಲಿ ಮುಕ್ಕಾಲು ಗಂಟೆ ಜಗಳವಾಡಿದ್ದಳು ಎಂದು ಎಲ್ಲರೂ ಹೇಳುತ್ತಿದ್ದರು. ಅವಳು ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಅದು ಅರ್ಧವಿರಾಮ ಎಂದಷ್ಟೇ ತಿದ್ದುತ್ತಿದ್ದಳು.

ಮದುವೆಯ ಗೋಜಿಗೆ ಹೋದವಳಲ್ಲ. ತಂಗಿಯ ಮನೆ ಎರಡು ಬೀದಿ ಆಚೆಗಿತ್ತು. ತಂಗಿ ಹಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಭಾನುವಾರ ಬೆಳಿಗ್ಗೆ ಇಬ್ಬರೂ ಸಾರ್ವಜನಿಕ ಈಜುಕೊಳಕ್ಕೆ ಹೋಗುತ್ತಿದ್ದರು. ಸಂಪಾದಕಿ ಈಜು ಕಲಿತದ್ದೇ ನಲವತ್ತಾರನೆಯ ವಯಸ್ಸಿನಲ್ಲಿ. ವಾರವಿಡೀ ತಪ್ಪು ಹುಡುಕುವ ಕಣ್ಣುಗಳಿಗೆ ನೀರಿನೊಳಗೆ ಮಾತ್ರ ರಜೆ ಸಿಗುತ್ತಿತ್ತು.

ಒಂದು ಮಂಗಳವಾರ ಅಂಚೆಯಲ್ಲಿ ಅವಳಿಗೊಂದು ಕಾಗದ ಬಂತು. ಬರೆದವರು ದೂರದ ಸಣ್ಣ ಊರೊಂದರ ಶಾಲೆಯ ಟೀಚರ್. ಎಂಟು ತಿಂಗಳ ಹಿಂದೆ ಪ್ರಕಟಣಾಲಯ ತಂದಿದ್ದ, ಆ ಭಾಗದ ಬಾವಿ ನೀರಿನ ಬಗೆಗಿನ ದೊಡ್ಡ ಪುಸ್ತಕವನ್ನು ಅವರ ಊರಿನ ಸಮಿತಿ ತರಿಸಿಕೊಂಡಿತ್ತು. ಅದರ ಪ್ರಕಾರ ಹದಿನಾಲ್ಕನೇ ನಂಬರಿನ ಬಾವಿಗೆ ಬೀಗ ಹಾಕಿ, ಹದಿನೇಳನೆಯದರಿಂದ ಶಾಲೆಗೆ ನೀರು ಕೊಡುತ್ತಿದ್ದರು. ಅಂದಿನಿಂದ ಮಕ್ಕಳಿಗೆ ಮತ್ತೆ ಮತ್ತೆ ಹೊಟ್ಟೆನೋವು. ಟೀಚರ್ ಎರಡೂ ಬಾವಿಗಳ ನೀರನ್ನು ಬಾಟಲಿಗೆ ತುಂಬಿ ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ್ದರು. ಬೀಗ ಹಾಕಿದ ಬಾವಿಯ ನೀರು ಶುದ್ಧವಾಗಿತ್ತು, ಕುಡಿಯುತ್ತಿದ್ದದ್ದು ಕೆಟ್ಟಿತ್ತು. ‘ಪ್ರಯೋಗಾಲಯ ತಪ್ಪೋ, ನಿಮ್ಮ ಪುಸ್ತಕ ತಪ್ಪೋ, ದಯವಿಟ್ಟು ತಿಳಿಸಿ’ ಎಂದು ಕಾಗದ ಮುಗಿದಿತ್ತು.

ಸಂಪಾದಕಿ ಕಪಾಟಿನಿಂದ ಹಳೆಯ ಕಡತ ಇಳಿಸಿದಳು. ಲೇಖಕರು ಕಳಿಸಿದ ಹಸ್ತಪ್ರತಿಯಲ್ಲಿ ಕೋಷ್ಟಕ ಸರಿಯಾಗಿತ್ತು. ಎಡಕ್ಕೆ ಕುಡಿಯಬಹುದಾದ ಬಾವಿಗಳು, ಬಲಕ್ಕೆ ಕುಡಿಯಬಾರದವು. ಆದರೆ ಅಕ್ಷರಗಳ ಗಾತ್ರ ಬದಲಿಸಿದಾಗ ಆ ಕೋಷ್ಟಕ ಪುಟ ದಾಟಿತ್ತು, ಮತ್ತೆ ಜೋಡಿಸುವಾಗ ಎರಡು ತಲೆಬರಹಗಳು ಅದಲುಬದಲಾಗಿದ್ದವು. ಕೊನೆಯ ಕರಡಿನ ಇನ್ನೂರ ಹನ್ನೆರಡನೆಯ ಪುಟದ ಮೂಲೆಯಲ್ಲಿ ಹಸಿರು ಶಾಯಿಯ ಗುರುತೊಂದಿತ್ತು. ‘ನೋಡಿದೆ, ಸರಿಯಿದೆ’ ಎಂದು ಅದರ ಅರ್ಥ. ಹಸಿರು ಶಾಯಿ ಬಳಸುತ್ತಿದ್ದವಳು ಆ ಕಟ್ಟಡದಲ್ಲಿ ಅವಳೊಬ್ಬಳೇ.

ಅವಳು ಕೂಡಲೇ ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಿದಳು.

“ಪುಸ್ತಕ ತಪ್ಪು ಟೀಚರ್. ತಪ್ಪು ನನ್ನದೇ. ಇವತ್ತಿಂದಾನೇ ಆ ನೀರು ನಿಲ್ಲಿಸಿ.”

“ಮಕ್ಕಳಿಗೆ ನಾನು ಮನೆಯಿಂದ ಕಾಯಿಸಿದ ನೀರು ತರೋಕೆ ಹೇಳಿದೀನಿ ಮೇಡಂ. ಆದ್ರೆ ಬೀಗ ತೆಗೆಯೋರು ಸಮಿತಿಯವರು. ನಾನು ಪ್ರಯೋಗಾಲಯದ ಚೀಟಿ ತೋರಿಸ್ದೆ. ‘ಇಷ್ಟು ದಪ್ಪ ಪುಸ್ತಕ ಸುಳ್ಳು, ನಿಮ್ಮ ಚೀಟಿ ನಿಜಾನಾ’ ಅಂತ ನಕ್ಕುಬಿಟ್ರು. ಅಚ್ಚಾಗಿರೋದೇನಾದ್ರೂ ಕೊಡಿ.”

ಅರ್ಧ ಗಂಟೆಯಲ್ಲಿ ಅವಳು ನಿರ್ದೇಶಕರ ಕೋಣೆಯಲ್ಲಿದ್ದಳು. ನಿರ್ದೇಶಕರು ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು. ಯಾರ ಮನಸ್ಸನ್ನೂ ನೋಯಿಸದೆ ಮೇಲಕ್ಕೆ ಬಂದವರು. ಕಾಗದ, ಕರಡು ಎರಡನ್ನೂ ನೋಡಿ ಪಕ್ಕಕ್ಕಿಟ್ಟರು.

“ಈ ಪುಸ್ತಕಕ್ಕೆ ಮುಂದಿನ ತಿಂಗಳು ಪ್ರಶಸ್ತಿ ಬರ್ತಿದೆ, ಗೊತ್ತಲ್ಲ? ಬರೆದ ಪ್ರೊಫೆಸರ್ರೇ ನಮ್ಮ ಆಡಳಿತ ಮಂಡಳಿ ಅಧ್ಯಕ್ಷರು. ಈಗ ತಪ್ಪು–ಒಪ್ಪು ಚೀಟಿ ಹಾಕಿದ್ರೆ ಅವರ ಮುಖಕ್ಕೆ ಮಸಿ ಬಳಿದ ಹಾಗೆ. ಎರಡನೇ ಮುದ್ರಣದಲ್ಲಿ ಸರಿ ಮಾಡೋಣ.”

“ಎರಡನೇ ಮುದ್ರಣ ಯಾವಾಗ?”

“ನೋಡೋಣ.”

“ಅಲ್ಲೀವರೆಗೆ ಮಕ್ಕಳು ಏನು ಕುಡೀಬೇಕು ಸರ್?”

“ಕೋಷ್ಟಕಾನೆಲ್ಲ ಯಾರು ಓದ್ತಾರೆ ಮೇಡಂ?”

“ಅವರು ಓದಿದಾರೆ. ಓದಿದ್ದಕ್ಕೇ ಈ ಗತಿ.”

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. ಈ ವಿಷಯ ಇಲ್ಲಿಗೇ ಬಿಡಬೇಕು ಎಂದು ಮೆಲ್ಲಗೆ ಹೇಳಿದರು. ಬಿಡುವುದಿಲ್ಲ ಎಂದು ಅವಳೂ ಅಷ್ಟೇ ಮೆಲ್ಲಗೆ ಹೇಳಿ, ಕಾಗದ, ಕರಡು ಎತ್ತಿಕೊಂಡು ಎದ್ದು ಬಂದಳು.

ಅಂದೇ ಸಂಜೆ ಮನೆಯ ಊಟದ ಮೇಜಿನ ಮೇಲೆ ಚೀಟಿ ಸಿದ್ಧವಾಯಿತು. ಅಂಗೈಯಗಲದ ಕಾಗದ. ಸರಿಯಾದ ಕೋಷ್ಟಕ, ಅದರ ಕೆಳಗೆ ಎರಡು ಸಾಲು: ‘ಪುಟ 212ರಲ್ಲಿ ತಲೆಬರಹಗಳು ಅದಲುಬದಲಾಗಿವೆ. ಈ ತಪ್ಪು ಪುಸ್ತಕದ ಸಂಪಾದಕಿಯದು.’ ಅದರಡಿ ಅವಳ ಪೂರ್ತಿ ಹೆಸರು, ಸಹಿ. ಬೀದಿ ಕೊನೆಯ ಮುದ್ರಣದಂಗಡಿಯಲ್ಲಿ ಸಾವಿರ ಚೀಟಿ ಅಚ್ಚು ಹಾಕಿಸಿ, ಮೊದಲ ಹತ್ತನ್ನು ಟೀಚರಿಗೆ ಕಳಿಸಿದಳು.

ಭಾನುವಾರ ತಂಗಿ ಟವೆಲು ಹಿಡಿದು ಬಂದಾಗ ಅಕ್ಕನ ಚೀಲದಲ್ಲಿ ಈಜುಡುಗೆಯ ಬದಲು ಗೋಂದಿನ ಬಾಟಲಿಯಿತ್ತು.

“ಇದೇನಕ್ಕ, ಗೋಂದಲ್ಲಿ ಈಜ್ತೀಯಾ?”

ಅಕ್ಕ ವಿಷಯ ಹೇಳಿದಳು. ತಂಗಿ ಕೇಳಿ, “ನಿನ್ನ ತಪ್ಪನ್ನ ನೀನೇ ಡಂಗುರ ಸಾರ್ಕೊಂಡು ಬರ್ತೀಯಾ?” ಎಂದಳು.

“ಹೂಂ. ನೀನು ಕೇಳ್ಬೇಕಾಗಿದ್ದು ಕುಂಚ ಎಷ್ಟಿದೆ ಅಂತ.”

“ಎಷ್ಟಿದೆ?”

“ಎರಡು.”

ಆ ಭಾನುವಾರ ಮತ್ತು ಮುಂದಿನ ಭಾನುವಾರ ಅಕ್ಕತಂಗಿಯರು ಹದಿಮೂರು ಗ್ರಂಥಾಲಯಗಳಿಗೆ ಹೋದರು. ಕೆಲವು ಕಡೆ ಅನುಮತಿ ಸುಲಭವಾಗಿ ಸಿಕ್ಕಿತು. ಒಂದು ಕಡೆ ಗ್ರಂಥಪಾಲಕಿ ಪುಸ್ತಕವನ್ನು ಎದೆಗವಚಿಕೊಂಡು, ಇದಕ್ಕೆ ಯಾರೂ ಏನೂ ಅಂಟಿಸುವ ಹಾಗಿಲ್ಲ ಎಂದು ಹಟ ಹಿಡಿದಳು. ಸಂಪಾದಕಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಗೌರವವೇ ಬಂತು. ಹಳೆಯ ಕರಡಿನ ಹಸಿರು ಗುರುತನ್ನು ತೋರಿಸಿದಾಗ ಗ್ರಂಥಪಾಲಕಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಡ್ರಾಯರಿನಿಂದ ಅಳತೆಪಟ್ಟಿ ತೆಗೆದು, “ಸೊಟ್ಟ ಆಗ್ಬಾರ್ದು. ನಾನೇ ಅಂಟಿಸ್ತೀನಿ” ಎಂದಳು.

ಸುದ್ದಿ ಕಚೇರಿ ಮುಟ್ಟಲು ತಡವಾಗಲಿಲ್ಲ. ಸೋಮವಾರ ಮೇಜಿನ ಮೇಲೆ ಆದೇಶ ಕಾದಿತ್ತು. ಶಿಸ್ತು ಉಲ್ಲಂಘನೆಯ ವಿಚಾರಣೆ ಮುಗಿಯುವವರೆಗೆ ಅವಳನ್ನು ಸಂಪಾದನೆಯಿಂದ ತೆಗೆದು ನೆಲಮಾಳಿಗೆಯ ಗೋಡೌನಿಗೆ ಹಾಕಲಾಗಿತ್ತು. ಸಹೋದ್ಯೋಗಿಗಳು ತಲೆ ತಗ್ಗಿಸಿ ಕೂತಿದ್ದರು. ಹಸಿರು ಶಾಯಿಯ ಪೆನ್ನು, ನಿಘಂಟು, ನೀರಿನ ಲೋಟ ಇಷ್ಟನ್ನು ಎತ್ತಿಕೊಂಡು ಅವಳು ಮೆಟ್ಟಿಲಿಳಿದಳು.

ಗೋಡೌನಿನಲ್ಲಿ ಸೀಲಿಂಗಿನವರೆಗೂ ಕಬ್ಬಿಣದ ಕಪಾಟುಗಳು, ಹಳೆಯ ಕಾಗದದ ಘಾಟು. ಅಲ್ಲಿನ ಉಗ್ರಾಣಿಗೆ ನಿವೃತ್ತಿಗೆ ಎರಡು ವರ್ಷವಿತ್ತು. ಅವನು ಕುರ್ಚಿ ಒರೆಸಿ ಕೊಟ್ಟು, “ಇಲ್ಲಿಗೆ ಯಾರೂ ಬರಲ್ಲ ಮೇಡಂ. ಆರಾಮಾಗಿರಿ” ಎಂದ.

ಅವಳು ಕಪಾಟುಗಳ ನಡುವೆ ಒಂದು ಸುತ್ತು ಹಾಕಿದಳು. ಮೂರನೆಯ ಸಾಲಿನಲ್ಲಿ ಕಾಲು ತಾನಾಗಿಯೇ ನಿಂತಿತು. ಬಾವಿ ನೀರಿನ ಪುಸ್ತಕದ ಉಳಿದ ಪ್ರತಿಗಳೆಲ್ಲ ಅಲ್ಲಿದ್ದವು, ಕಟ್ಟು ಕಟ್ಟಾಗಿ, ಆರುನೂರ ನಲವತ್ತು. ಶಿಕ್ಷೆ ಕೊಟ್ಟವರು ಈ ಲೆಕ್ಕ ಹಾಕಿರಲಿಲ್ಲ. ಅವಳಿಗೆ ನಗು ತಡೆಯಲಾಗಲಿಲ್ಲ.

“ಏನಾಯ್ತು ಮೇಡಂ?”

“ಏನಿಲ್ಲ. ನಿಮ್ಮ ಹತ್ರ ಗೋಂದು ಇದೆಯಾ?”

ಉಗ್ರಾಣಿಯ ಹತ್ತಿರ ಡಬ್ಬಿಗಟ್ಟಲೆ ಇತ್ತು. ಅವಳು ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಇದರಲ್ಲಿ ಕೈ ಹಾಕಿದರೆ ನಿಮಗೂ ತೊಂದರೆಯಾದೀತು ಎಂದಳು. ಅವನು ಕಟ್ಟಿನ ಹುರಿ ಬಿಚ್ಚುತ್ತಾ, “ಮೂವತ್ತು ವರ್ಷದಿಂದ ಪುಸ್ತಕ ಹೊರ್ತಿದೀನಿ. ಒಳಗೇನಿದೆ ಅಂತ ಯಾರೂ ಹೇಳಿರ್ಲಿಲ್ಲ” ಎಂದ. ದಿನವೂ ಕಚೇರಿಯ ವೇಳೆಯಲ್ಲಿ, ಬಾಗಿಲು ತೆರೆದಿಟ್ಟುಕೊಂಡೇ ಇಬ್ಬರೂ ಅಂಟಿಸಿದರು. ಒಂಬತ್ತು ದಿನ ಹಿಡಿಯಿತು.

ಹತ್ತನೆಯ ದಿನ ಮೆಟ್ಟಿಲಲ್ಲಿ ಊರುಗೋಲಿನ ಸದ್ದು ಕೇಳಿತು. ಪುಸ್ತಕ ಬರೆದ ಪ್ರೊಫೆಸರ್ ಬಂದಿದ್ದರು, ಹಿಂದೆ ನಿರ್ದೇಶಕರು. ಪ್ರಶಸ್ತಿ ಸಮಾರಂಭಕ್ಕೆ ಐವತ್ತು ಪ್ರತಿ ಬೇಕಿತ್ತು. ಪ್ರೊಫೆಸರ್ ಮೇಲಿದ್ದ ಪ್ರತಿಯೊಂದನ್ನು ಎತ್ತಿದರು. ಅದು ತಾನಾಗಿಯೇ ಚೀಟಿಯಿದ್ದ ಪುಟಕ್ಕೆ ತೆರೆದುಕೊಂಡಿತು.

ನಿರ್ದೇಶಕರು ಮುಂದೆ ಬಂದರು. “ಸರ್, ಇದು ನನಗೆ ಗೊತ್ತಿಲ್ದೆ... ಇವತ್ತೇ ಎಲ್ಲ ಕೀಳಿಸ್ತೀನಿ.”

“ಕೀಳೋಕೆ ಬರಲ್ಲ,” ಎಂದಳು ಸಂಪಾದಕಿ. “ಪುಟವೇ ಹರಿಯತ್ತೆ. ಹರಿದ್ರೆ ನಾನು ಮತ್ತೆ ಅಂಟಿಸ್ತೀನಿ. ಕೆಲಸದಿಂದ ತೆಗೆದ್ರೆ ಹೊರಗಿದ್ಕೊಂಡು ಅಂಟಿಸ್ತೀನಿ. ಸರ್, ನಿಮ್ಮ ಹಸ್ತಪ್ರತಿ ಸರಿಯಾಗೇ ಇತ್ತು. ಕೆಡಿಸಿದವಳು ನಾನು. ಸರಿ ಮಾಡೋ ಹಕ್ಕನ್ನ ಯಾರಿಗೂ ಬಿಟ್ಕೊಡಲ್ಲ.”

ಪ್ರೊಫೆಸರ್ ಬೆರಳಿಟ್ಟು ಕೋಷ್ಟಕವನ್ನು ಸಾಲು ಸಾಲಾಗಿ ಓದಿದರು. ಹದಿನೇಳನೆಯ ಬಾವಿಯ ಹತ್ತಿರ ಬೆರಳು ನಿಂತಿತು. ಕೊನೆಯ ಕರಡನ್ನು ಅವರಿಗೂ ಕಳಿಸಿದ್ದರು. ಅವರೂ ಸಹಿ ಮಾಡಿದ್ದರು. ಅದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಗೋಂದು ಒಣಗಿದೆಯಾ?” ಎಂದು ಕೇಳಿದರು.

“ಒಣಗಿದೆ ಸರ್.”

“ಐವತ್ತು ಪ್ರತಿ ಕಳಿಸಿ.” ಊರುಗೋಲಿನ ಸದ್ದು ಮೆಟ್ಟಿಲೇರಿ ಹೋಯಿತು.

ಸಮಾರಂಭದಲ್ಲಿ ಅವರು ಚೀಟಿಯ ಬಗ್ಗೆ ತುಟಿ ಬಿಚ್ಚಲಿಲ್ಲವಂತೆ. ಹಾರ ಹಾಕಿಸಿಕೊಂಡು, ಚಪ್ಪಾಳೆ ತಟ್ಟಿಸಿಕೊಂಡು ಮನೆಗೆ ಹೋದರು. ಆದರೆ ಐವತ್ತು ಪ್ರತಿಗಳೂ ಚೀಟಿ ಸಮೇತ ಕೈಯಿಂದ ಕೈಗೆ ಹೋದವು. ಆ ವಾರವೇ ಟೀಚರ್ ಫೋನು ಮಾಡಿದರು. ಪುಸ್ತಕದಲ್ಲಿ ಟೀಚರ್ ಅಂಟಿಸಿದ್ದ ಚೀಟಿಯನ್ನು ಸಮಿತಿಯವರು ಕೊನೆಗೂ ಉಗುರಿನಿಂದ ಕೆರೆದು ನೋಡಿ, ಸಹಿ ಇದೆ ಎಂದು ಖಾತ್ರಿ ಮಾಡಿಕೊಂಡು, ಹದಿನಾಲ್ಕನೆಯ ಬಾವಿಯ ಬೀಗ ತೆಗೆದಿದ್ದರು.

ವಿಚಾರಣೆ ನಡೆದೇ ನಡೆಯಿತು. ಕ್ಷಮೆಯಾಚನೆ ಬರೆದುಕೊಟ್ಟರೆ ಮೂರನೆಯ ಮಹಡಿಯ ಹಳೆಯ ಮೇಜು ವಾಪಸ್ಸು ಎಂದರು. ಅವಳು ಅಲ್ಲೇ ಕೂತು ಬರೆದಳು: ‘ಪುಟ 212ರ ತಪ್ಪಿಗೆ ಕ್ಷಮೆ ಕೇಳುತ್ತೇನೆ. ಅದನ್ನು ತಿದ್ದಿದ್ದಕ್ಕೆ ಕೇಳುವುದಿಲ್ಲ.’ ನಿರ್ದೇಶಕರು ಎರಡನೆಯ ವಾಕ್ಯ ಹೊಡೆದುಹಾಕಿ ಎಂದರು.

“ವಾಕ್ಯದಲ್ಲಿ ತಪ್ಪಿದ್ರೆ ತೋರಿಸಿ ಸರ್, ಹೊಡೀತೀನಿ.”

ಹಳೆಯ ಮೇಜನ್ನು ಅವಳಿಗೆ ಕೊಡಲಿಲ್ಲ. ಗೋಡೌನಿನ ಆದೇಶ ಕಾಯಮಾಯಿತು. ಮೊದಲ ಕೆಲವು ದಿನ ಅವಳಿಗೆ ಸಂಕಟವಾಗದೆ ಇರಲಿಲ್ಲ. ಮೇಲಿನ ಮಹಡಿಯಲ್ಲಿ ತಾನು ಅರ್ಧ ತಿದ್ದಿದ್ದ ಹಸ್ತಪ್ರತಿ ಬೇರೆಯವರ ಕೈಯಲ್ಲಿ ಏನಾಯಿತೋ ಎಂದು ಊಟ ಮಾಡುವಾಗಲೂ ನೆನೆಯುತ್ತಿದ್ದಳು. ಅಷ್ಟರಲ್ಲಿ ಕೆಳಗೆ ಒಬ್ಬೊಬ್ಬರಾಗಿ ಬರತೊಡಗಿದರು. ಮೊದಲು ಒಬ್ಬ ಕಿರಿಯ ಸಂಪಾದಕ, ಅಡಿಟಿಪ್ಪಣಿ ಕೇಳುವ ನೆಪದಲ್ಲಿ. ಆಮೇಲೆ ಇತಿಹಾಸದ ಪ್ರಾಧ್ಯಾಪಕರೇ, ಹೊಸ ಪುಸ್ತಕ ಬಗಲಲ್ಲಿಟ್ಟುಕೊಂಡು. “ಮೇಲೆ ಕೊಟ್ಟರೆ ಯಾರೂ ಜಗಳ ಆಡೋದೇ ಇಲ್ಲ ಕಣಮ್ಮ,” ಎಂದು ದೂರಿದರು.

ಬೇಸಿಗೆ ರಜೆಯಲ್ಲಿ ಟೀಚರ್ ಬಸ್ಸು ಹಿಡಿದು ಬಂದರು. ಸಣ್ಣ ಆಳ್ತನದ, ಜೋರು ನಡಿಗೆಯ ಹೆಂಗಸು. ಚೀಲದಿಂದ ಏಳು ನೋಟುಬುಕ್ಕು ತೆಗೆದು ಮೇಜಿನ ಮೇಲಿಟ್ಟರು. ಸುತ್ತಲಿನ ಇಪ್ಪತ್ತೆರಡು ಊರಿನ ಬಾವಿಗಳ ನೀರನ್ನು ತಿಂಗಳು ತಿಂಗಳೂ ಪರೀಕ್ಷೆ ಮಾಡಿಸಿ ಬರೆದಿಟ್ಟಿದ್ದರು.

“ಇದು ಪುಸ್ತಕ ಆಗತ್ತಾ ಮೇಡಂ? ನನಗೆ ಡಿಗ್ರಿ ಗಿಗ್ರಿ ಜಾಸ್ತಿ ಇಲ್ಲ. ನಿಮ್ಮೋರು ಅಚ್ಚು ಹಾಕಲ್ಲ ಅಂತಾರೇನೋ.”

“ಅಂದೇ ಅಂತಾರೆ,” ಎಂದಳು ಸಂಪಾದಕಿ. “ಅವರು ಹಾಕದಿದ್ರೆ ಹಾಕೋರು ಬೇರೆ ಇರ್ತಾರೆ. ಹುಡುಕೋಣ. ಕೂತ್ಕೊಳ್ಳಿ.”

ಉಗ್ರಾಣಿ ಇನ್ನೊಂದು ಕುರ್ಚಿ ಎಳೆದು ತಂದ. ಅವಳು ಮೊದಲ ನೋಟುಬುಕ್ಕು ತೆರೆದು ಎರಡು ಪುಟ ಓದಿ, ಮೂರನೆಯ ಪುಟದಲ್ಲಿ ನಿಂತಳು.

“ಇಲ್ಲಿ ‘ಸುಮಾರು’ ಅಂತ ಬರೆದಿದ್ದೀರಲ್ಲ ಟೀಚರ್, ಸುಮಾರು ಅಂದ್ರೆ ಎಷ್ಟು?”