ನಾಲ್ಕೂವರೆಗೆ ಚಹಾ

ಇದನ್ನು ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹನ್ನೆರಡನೆಯ ತರಗತಿಯನ್ನು ನಾನು ಪಾಸು ಮಾಡಿದ್ದು ಮೂವತ್ತಾರನೆಯ ವಯಸ್ಸಿನಲ್ಲಿ, ಸಂಜೆ ಶಾಲೆಗೆ ಹೋಗಿ. ಗಣಿತವಂತೂ ಎರಡನೆಯ ಸಲಕ್ಕೆ ಪಾಸಾಯಿತು. ಮೇಲಾಗಿ ಇದು ನನ್ನ ಕತೆಯಲ್ಲ, ಉಲ್ಫಾಳದು. ಅವಳನ್ನು ಹೆತ್ತವಳು ನಾನಲ್ಲ. ಅವಳ ತಾಯಿ ತೀರಿಕೊಂಡು ಎರಡು ವರ್ಷವಾದ ಮೇಲೆ, ಅವಳಿಗೆ ಒಂಬತ್ತು ತುಂಬಿದಾಗ, ಅವಳ ಅಪ್ಪನನ್ನು ಮದುವೆಯಾಗಿ ಈ ಮನೆಗೆ ಬಂದವಳು. ಬರೆಯಲೇ ಎಂದು ಅವಳನ್ನೇ ಕೇಳಿದೆ. "ಬರೀರಿ ಚಿಕ್ಕಮ್ಮ, ಆದ್ರೆ ನಂಬರ್ ಮಾತ್ರ ಸರಿಯಾಗಿ ಹಾಕಿ," ಎಂದಳು. ನಂಬರುಗಳನ್ನು ಅವಳ ಆರೋಗ್ಯ ಕಾರ್ಡು ನೋಡಿಯೇ ಹಾಕಿದ್ದೇನೆ. ಉಳಿದದ್ದರಲ್ಲಿ ತಪ್ಪಿದ್ದರೆ ನನ್ನದು.

ತೆಗಾಲ್‌ನ ಈ ಓಣಿಯಲ್ಲಿ ನಮ್ಮೆಲ್ಲರ ಕಸುಬು ಶಟಲ್‌ಕಾಕ್ ಮಾಡುವುದು. ನನ್ನ ಗಂಡ ತರ್ಮಿದಿ ಬಿರಡೆಗೆ ತೂತು ಕೊರೆದು ಬಾತುಕೋಳಿಯ ಗರಿ ನೆಡುತ್ತಾರೆ, ನಾನು ದಾರ ಕಟ್ಟಿ ಗೋಂದು ಹಚ್ಚುತ್ತೇನೆ. ತಿಂಗಳಿಗೊಮ್ಮೆ ಹಳ್ಳಿಯ ಸಭಾಭವನದಲ್ಲಿ ಹದಿಹರೆಯದವರ ಆರೋಗ್ಯ ಶಿಬಿರ ನಡೆಯುತ್ತದೆ. ಅಲ್ಲಿ ನಾನು ಸ್ವಯಂಸೇವಕಿ. ತೂಕ ನೋಡುವುದು, ತೋಳಿನ ಸುತ್ತಳತೆ ಬರೆದುಕೊಳ್ಳುವುದು, ಹುಡುಗಿಯರಿಗೆ ರಕ್ತ ಹೆಚ್ಚಿಸುವ ಕಬ್ಬಿಣದ ಮಾತ್ರೆ ಹಂಚುವುದು ನನ್ನ ಕೆಲಸ. ಇದನ್ನು ಹೇಳಿಕೊಳ್ಳುವುದು ಜಂಬಕ್ಕಲ್ಲ. ಈ ಕೆಲಸ ಮಾಡುವವಳ ಮನೆಯಲ್ಲೇ ಹೀಗಾಯಿತು ಎಂಬುದಕ್ಕೆ.

ಉಲ್ಫಾಳಿಗೆ ಹದಿನಾರು ನಡೆಯುತ್ತಿತ್ತು. ಆಗಸ್ಟ್ ಹದಿನೇಳು ನಮ್ಮ ದೇಶದ ಸ್ವಾತಂತ್ರ್ಯ ದಿನ. ಅಂದು ತಾಲ್ಲೂಕು ಮೈದಾನದಲ್ಲಿ ಬಾವುಟ ಏರಿಸುವ ಧ್ವಜದಳಕ್ಕೆ ಅವಳ ಶಾಲೆಯಿಂದ ಆರಿಸಿದ ಮೂವರು ಹುಡುಗಿಯರಲ್ಲಿ ಅವಳೂ ಒಬ್ಬಳು. ಆ ಬಿಳಿ ಸಮವಸ್ತ್ರದ ಆಸೆ ಅವಳಿಗೆ ಏಳನೆಯ ತರಗತಿಯಿಂದಲೇ ಇತ್ತು. ಅಂಗಳದಲ್ಲಿ ಬಟ್ಟೆ ಒಣಹಾಕುವಾಗಲೂ ಎದೆಯುಬ್ಬಿಸಿ ಹೆಜ್ಜೆ ಹಾಕುತ್ತಿದ್ದಳು. ಮೇ ತಿಂಗಳ ಒಂದು ಸೋಮವಾರ, ಶಾಲೆಯ ಧ್ವಜವಂದನೆಯ ನಡುವೆಯೇ ಕುಸಿದು ಬಿದ್ದಳು. ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡಿದರೆ ಹಿಮೋಗ್ಲೋಬಿನ್ 9.4. ಹನ್ನೆರಡು ಇರಬೇಕಿತ್ತು.

"ದಿನಕ್ಕೊಂದು ಮಾತ್ರೆ. ನಾಲ್ಕು ವಾರ ಬಿಟ್ಟು ಬಾ," ಎಂದರು ನರ್ಸ್ ಯುನಿಯಾರ್ತಿ. ದಳದ ತರಬೇತುದಾರ ಸಾಲಿಹುನ್ ಮೇಷ್ಟ್ರು ಅಷ್ಟರವರೆಗೆ ಹೆಸರು ಹೊಡೆದುಹಾಕುವುದಿಲ್ಲ ಎಂದು ಮಾತು ಕೊಟ್ಟರು.

ಮಾತ್ರೆಯ ಹೊಣೆಯನ್ನು ನನ್ನ ಅತ್ತೆ ರಸ್ವೆನ್ ತಾವೇ ವಹಿಸಿಕೊಂಡರು. ಎರಡೂವರೆಗೆ ಉಲ್ಫಾ ಶಾಲೆಯಿಂದ ಬಂದು ಊಟ ಮುಗಿಸುವ ಹೊತ್ತಿಗೆ ಅತ್ತೆ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಪೋಚಿ ಹಿಡಿದು ಎದುರಿಗೆ ಕೂರುತ್ತಿದ್ದರು. ಪೋಚಿ ಎಂದರೆ ಚಹಾದ ಮಣ್ಣಿನ ಹೂಜಿ. ಅತ್ತೆಯ ಮದುವೆಯ ಕಾಲದ್ದು. ಅದರ ಒಳಗನ್ನು ಒಂದು ದಿನವೂ ಸೋಪು ಹಾಕಿ ತೊಳೆದದ್ದಿಲ್ಲ. ಕರೆ ಕಟ್ಟಿದಷ್ಟೂ ರುಚಿ ಎಂಬುದು ಅವರ ಲೆಕ್ಕ. ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ, ಮಲ್ಲಿಗೆಯ ಗಟ್ಟಿ ಚಹಾ ಸುರಿದು, "ನುಂಗು ಮಗಾ, ತುಕ್ಕಿನ ವಾಸನೆ ಗೊತ್ತೇ ಆಗಲ್ಲ," ಎನ್ನುತ್ತಿದ್ದರು. ತಾಯಿಯಿಲ್ಲದ ಮೊಮ್ಮಗಳು ಗುಟುಕರಿಸುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಾನು ಪಕ್ಕದಲ್ಲೇ ದಾರ ಕಟ್ಟುತ್ತಾ ಕೂತಿರುತ್ತಿದ್ದೆ, ಒಂದು ದಿನವಲ್ಲ, ಇಪ್ಪತ್ತೆಂಟು ದಿನ.

ಜೂನ್‌ನಲ್ಲಿ ಮತ್ತೆ ಬೆರಳು ಚುಚ್ಚಿದರು. 9.5.

ಯುನಿಯಾರ್ತಿ ಕಾರ್ಡು ನೋಡಿ, ನನ್ನ ಮುಖ ನೋಡಿ, "ದಿನಾ ತಗೊಂಡಿದ್ರೆ ಇಷ್ಟೇ ಇರಲ್ಲ ಸುತಿರಾ. ಈ ವಯಸ್ಸಲ್ಲಿ ಮಾತ್ರೆ ಬಾಯಲ್ಲಿಟ್ಟು ಆಮೇಲೆ ಉಗುಳ್ತಾರೆ. ನೀನೇ ಸ್ವಲ್ಪ ನೋಡ್ಕೋ," ಎಂದರು. ಮೇಷ್ಟ್ರು ಇನ್ನೊಂದೇ ಅವಕಾಶ ಕೊಟ್ಟರು. ಜುಲೈ ಇಪ್ಪತ್ತರಂದು ಕೊನೆಯ ಪರೀಕ್ಷೆ. ಆಮೇಲೆ ಪಟ್ಟಿ ಅಂತಿಮ.

ನಾನು ನೋಡಿಕೊಂಡೆ. ಹೇಗೆ ಎಂದು ಬರೆಯಲು ನಾಚಿಕೆಯಾಗುತ್ತದೆ. ನೀರಿನ ಡ್ರಮ್ಮಿನ ಹಿಂದೆ ಹುಡುಕಿದೆ. ಗರಿಯ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು ಕೆದಕಿದೆ. ಕೊನೆಗೆ ಅವಳು ಸ್ನಾನಕ್ಕೆ ಹೋದಾಗ ಶಾಲೆಯ ಬ್ಯಾಗಿನ ಜಿಪ್ಪು ಎಳೆದೆ. ತಲೆಯೆತ್ತಿದರೆ ಬಾಗಿಲಲ್ಲಿ ಉಲ್ಫಾ, ಭುಜದ ಮೇಲೆ ಟವೆಲ್ಲು. ಅವಳು ಹೊಸ್ತಿಲ ಬಳಿ ಓರೆಯಾಗಿ ಬಿದ್ದಿದ್ದ ತನ್ನ ಶೂಗಳನ್ನು ಜೋಡಿಸಿಟ್ಟು ಒಳಗೆ ಹೋದಳು.

ಮರುದಿನ ಊಟದಲ್ಲಿ ನನ್ನ ಗಂಡ ತಟ್ಟೆ ಸರಿಸಿ ಕೇಳಿದರು. "ಮಾತ್ರೆ ಎಲ್ಲಿ ಎಸೀತಿದೀಯ?"

"ಎಸೀತಿಲ್ಲ ಅಪ್ಪ."

"ಹಾಗಾದ್ರೆ ರಕ್ತ ಎಲ್ಲಿ ಹೋಯ್ತು, ಇಲಿ ಕುಡೀತಾ? ತೆಳ್ಳಗಾಗ್ಬೇಕು ಅಂತ ಫೋನಲ್ಲಿ ನೋಡಿ ಏನಾದ್ರೂ ಮಾಡ್ತಿದೀಯೇನು?"

"ನುಂಗಿದೀನಿ. ಅಜ್ಜಿನ ಕೇಳಿ."

"ನನ್ನ ಕೈಯಾರೆ ಕೊಟ್ಟಿದೀನಿ ಕಣೋ," ಎಂದರು ಅತ್ತೆ. "ನಾಲಿಗೆ ಎತ್ತಿಸಿ ಕೂಡ ನೋಡಿದೀನಿ."

"ನಿನ್ನ ಸಾಕ್ಷಿ ಬಿಡಮ್ಮ. ಇವಳು ಮನೆಗೆ ಬೆಂಕಿ ಹಚ್ಚಿದ್ರೂ ಚಳಿ ಇತ್ತು, ಕಾಯಿಸ್ಕೊಂಡ್ಲು ಅಂತೀಯ."

ಉಲ್ಫಾ ಎದ್ದಳು. ಅಂದಿನಿಂದ ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗುವಳು, ಅರ್ಧ ತಿಂದು ಬಾತುಕೋಳಿಗಳಿಗೆ ಹಾಕುವಳು. ಅಂಗಳದಲ್ಲಿ ಹೆಜ್ಜೆ ಹಾಕುವುದೂ ನಿಂತಿತು. ಅಜ್ಜಿ ಮಾತ್ರ ಅವಳ ಬೆನ್ನ ಹಿಂದೆಯೇ ಮಾತ್ರೆ, ಪೋಚಿ, ಬಟ್ಟಲು ಹಿಡಿದು ಹಿತ್ತಲಿಗೂ ಹೋಗುತ್ತಿದ್ದರು.

ಜೂನ್ ಹದಿನೈದಕ್ಕೆ ಶಿಬಿರ ಬಂತು. ಸುಮಾರು ಇಪ್ಪತ್ತು ಹುಡುಗಿಯರು. ಉಲ್ಫಾ ಬರಲಿಲ್ಲ, ನಾನು ಕರೆಯಲೂ ಇಲ್ಲ. ನಾನು ಎಂದಿನಂತೆ ಗೋಡೆಯ ಚಿತ್ರಪಟಕ್ಕೆ ಕೋಲು ಮುಟ್ಟಿಸಿ ಹೇಳುತ್ತಿದ್ದೆ. ಊಟದ ನಂತರ ಮಾತ್ರೆ, ನೀರಿನ ಜೊತೆ ಅಥವಾ ಹಣ್ಣಿನ ರಸದ ಜೊತೆ. ಹಾಲು, ಕಾಫಿ, ಚಹಾ ಕೂಡದು, ಕನಿಷ್ಠ ಎರಡು ಗಂಟೆ. ಚಹಾ ಲೋಟದ ಮೇಲೆ ಕೆಂಪು ಕಾಟು ಹೊಡೆದ ಆ ಪಟವನ್ನು ವರ್ಷದ ಹಿಂದೆ ಶಟಲ್‌ಕಾಕಿನ ಗೋಂದು ಹಚ್ಚಿ ಅಂಟಿಸಿದ್ದವಳು ನಾನೇ.

ಮುಂದಿನ ಸಾಲಿನಲ್ಲಿ ಕೂತಿದ್ದ ಫೆರಾ ಎಂಬ ವಾಚಾಳಿ ಹುಡುಗಿ ಮೂಗು ಹಿಡಿದುಕೊಂಡಳು. "ಅಕ್ಕಾ, ಚಹಾ ಬೇಡ ಅಂತೀರ, ನೀವು ಬಾಗಿಲಿಗೆ ಬಂದ್ರೇನೇ ಚಹಾದ ಮೂಟೆ ಬಂದ ಹಾಗೆ ವಾಸನೆ ಬರತ್ತೆ!"

"ಅವರ ಮನೇಲಿ ಸ್ನಾನಾನೂ ಪೋಚಿಯಿಂದಲೇ ಅಂತೆ," ಎಂದಳು ಇನ್ನೊಬ್ಬಳು. ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು.

ನಾನೂ ನಗಲು ಹೋದೆ. ಕೋಲು ಆ ಕೆಂಪು ಕಾಟಿನ ಮೇಲೇ ನಿಂತಿತ್ತು. ಒಬ್ಬಳು ಎದ್ದು ಬಂದು ನನಗೆ ಕುರ್ಚಿ ಕೊಟ್ಟಳು, ನನಗೇ ತಲೆ ತಿರುಗಿತು ಅಂದುಕೊಂಡಿರಬೇಕು.

ನೂರು ಸಲ ಹೇಳಿದ ಮಾತು. ನನ್ನ ಮನೆಯ ಮಾತ್ರೆಗೂ ಅದು ಅನ್ವಯಿಸುತ್ತದೆ ಎಂದು ಒಮ್ಮೆಯೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಚಹಾ ಕಣ್ಣಿಗೆ ಬೀಳುವ ವಸ್ತುವೇ ಅಲ್ಲ. ಗೋಡೆಯ ಹಾಗೆ, ನೆಲದ ಹಾಗೆ ಇದ್ದೇ ಇರುತ್ತದೆ. ಅವಳು ಮಾತ್ರೆ ನುಂಗಿದಳೋ ಇಲ್ಲವೋ ಎಂದು ಎಲ್ಲರೂ ಕೇಳಿದೆವು. ಯಾವುದರ ಜೊತೆ ನುಂಗಿದಳು ಎಂದು ಯಾರೂ ಕೇಳಲಿಲ್ಲ, ನಾನೂ ಸಹ.

ಸೈಕಲ್ ತಳ್ಳಿಕೊಂಡೇ ಮನೆಗೆ ಬಂದೆ. ಮನೆಯಲ್ಲಿ ಹೇಳುವುದು ಹೇಗೆ? ಎರಡನೆಯ ಸೊಸೆ ನಾನು. ಮೊದಲ ಸೊಸೆಗೂ ಮುಂಚಿನಿಂದ ಈ ಮನೆಯಲ್ಲಿರುವುದು ಆ ಪೋಚಿ. ಯುನಿಯಾರ್ತಿಯವರಿಂದಲೇ ಹೇಳಿಸೋಣವೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಆದರೆ ಬ್ಯಾಗಿನ ಜಿಪ್ಪು ಎಳೆದದ್ದು ಯುನಿಯಾರ್ತಿಯಲ್ಲವಲ್ಲ.

ಎರಡೂವರೆ ಆಗಿತ್ತು. ಹಿತ್ತಲಲ್ಲಿ ಉಲ್ಫಾಳ ಕೈಯಲ್ಲಿ ಬಟ್ಟಲು. ನಾನು ಓಡಿಹೋಗಿ ಕಿತ್ತುಕೊಂಡೆ. ಅರ್ಧ ಚಹಾ ನಾನು ಉಟ್ಟಿದ್ದ ಲುಂಗಿಯ ಮೇಲೆ ಚೆಲ್ಲಿತು.

"ಏನೇ ಇದು, ದೆವ್ವ ಹೊಕ್ಕಿತಾ?" ಎಂದರು ಅತ್ತೆ. ಗದ್ದಲಕ್ಕೆ ನನ್ನ ಗಂಡನೂ ಕೈಯಲ್ಲಿ ಗರಿ ಹಿಡಿದೇ ಬಂದರು.

ಹೇಗೆ ಹೇಳಿದೆನೋ. ತಲೆಬುಡವಿಲ್ಲದೆ ಹೇಳಿದೆ. ಚಹಾದ ಒಗರು ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ ಎಂದೆ. ಇದು ನನಗೆ ಗೊತ್ತಿತ್ತು, ಆದರೂ ನೋಡಲಿಲ್ಲ ಎಂದೆ. ಉಲ್ಫಾ ಸುಳ್ಳು ಹೇಳಿಲ್ಲ, ದಿನಾ ನುಂಗಿದ್ದಾಳೆ ಎಂದೆ.

ಅತ್ತೆ ಮುಖ ಗಂಟಿಕ್ಕಿದರು. "ಅಂದ್ರೆ ನಾನು ಮೊಮ್ಮಗಳಿಗೆ ವಿಷ ಹಾಕ್ತಿದ್ದೆ ಅಂತೀಯ?"

"ಹಾಗಲ್ಲ ಅತ್ತೆ..."

"ಏಳು ಮಕ್ಕಳನ್ನ ಹೆತ್ತೆ ಇದೇ ಚಹಾ ಕುಡ್ಕೊಂಡು. ಯಾರಾದ್ರೂ ಬಿದ್ರಾ? ಕೇಳು ನಿನ್ನ ಗಂಡನ್ನ, ಯಾರಾದ್ರೂ ಬಿದ್ರಾ?"

ನನ್ನ ಗಂಡ ಕೈಯಲ್ಲಿದ್ದ ಗರಿಯನ್ನು ತಿರುಗಿಸುತ್ತಾ ಮೆಲ್ಲಗೆ ಹೇಳಿದರು. "ನೀನೇ ಬೀಳ್ತಿದ್ದೆ ಅಮ್ಮ. ಬಾವಿಕಟ್ಟೆ ಹತ್ರ. ನಾವು ಚಿಕ್ಕವ್ರು ನೀರು ಚಿಮುಕಿಸ್ತಿದ್ವಿ. ಮನೆ ಹೆಂಗಸ್ರಿಗೆ ತಲೆ ತಿರುಗೋದು ಇದ್ದಿದ್ದೇ ಅಂತಿದ್ರು ಅಪ್ಪ."

ಅತ್ತೆ ಪೋಚಿಯ ಮುಚ್ಚಳವನ್ನು ತೆಗೆದರು, ಮುಚ್ಚಿದರು.

ಮೊದಲು ಮಾತಾಡಿದವಳು ಉಲ್ಫಾ. ನಮ್ಮ ಮೇಲೆ ಹರಿಹಾಯುತ್ತಾಳೆ, ಅವಳಿಗೆ ಆ ಹಕ್ಕಿದೆ ಎಂದು ಕಾದಿದ್ದೆ. "ಅಜ್ಜಿಗೇನು ಗೊತ್ತಿತ್ತು," ಎಂದಳು. "ನಂಗೆ ಆ ಮಾತ್ರೆ ವಾಂತಿ ಬರಿಸ್ತಿತ್ತು. ಅಜ್ಜಿ ಚಹಾ ಇಲ್ದಿದ್ರೆ ನಿಜವಾಗ್ಲೂ ಎಸೀತಿದ್ದೆ." ಆಮೇಲೆ ನನ್ನ ಕಡೆ ತಿರುಗಿದಳು. "ಬ್ಯಾಗಲ್ಲಿ ಏನ್ ಸಿಕ್ತು ಚಿಕ್ಕಮ್ಮ?"

"ಏನೂ ಇಲ್ಲ. ಒಂದು ಬಾಚಣಿಗೆ," ಎಂದೆ. "ತಪ್ಪಾಯ್ತು ಉಲ್ಫಾ."

"ಮುಂದಿನ ಸಲ ಕೇಳಿ. ತೋರಿಸ್ತೀನಿ."

ಮರುದಿನ ಎರಡೂವರೆಗೆ ಅತ್ತೆ ಬಂದು ಕೂತಾಗ ಕೈಯಲ್ಲಿ ಕಿತ್ತಳೆ ರಸದ ಲೋಟವಿತ್ತು, ಹಿಂಡಿದ ಕೈಯಿನ್ನೂ ಒದ್ದೆಯಾಗಿತ್ತು. ಪೋಚಿ ಕಪಾಟಿನ ಮೇಲಿತ್ತು. "ನಾಲ್ಕೂವರೆಗೆ ಇಳಿಸ್ತೀನಿ," ಎಂದರು, ಯಾರೂ ಕೇಳದಿದ್ದರೂ. "ಚಹಾ ಬಿಡು ಅಂತ ಮಾತ್ರ ಯಾರೂ ಹೇಳ್ಬೇಡಿ."

ಹಾಗೆ ಎರಡು ಗಂಟೆಯ ಬಿಡುವು ನಮ್ಮ ಮನೆಗೆ ಬಂತು. ಮೊದಲೆಲ್ಲ ಊಟ, ಚಹಾ ಒಟ್ಟಿಗೇ ಮುಗಿದು ಎಲ್ಲರೂ ತಮ್ಮ ಮೂಲೆ ಹಿಡಿಯುತ್ತಿದ್ದರು. ಈಗ ಚಹಾಕ್ಕಾಗಿ ಕಾಯಬೇಕು. ಉಲ್ಫಾ ಬಂದು ಅಪ್ಪನ ಪಕ್ಕ ಕೂತು ಎಡರೆಕ್ಕೆಯ ಗರಿ, ಬಲರೆಕ್ಕೆಯ ಗರಿ ಬೇರೆ ಮಾಡತೊಡಗಿದಳು. ಮೊದಲ ವಾರ ಇಬ್ಬರೂ ಗರಿಯ ಮಾತೇ ಆಡಿದರು. ಎರಡನೆಯ ವಾರ ದಳದ ಮಾತು ಬಂತು, ಮೇಷ್ಟ್ರು ನಡೆಯುವುದನ್ನು ಅಣಕಿಸಿ ತೋರಿಸಿದಳು. ಅತ್ತೆ ನಾಲ್ಕು ಗಂಟೆಯಿಂದಲೇ ಗಡಿಯಾರ ನೋಡುತ್ತಾ, "ಈ ಮುಳ್ಳಿಗೂ ರಕ್ತ ಕಮ್ಮಿಯಾ, ನಡೆಯೋದೇ ಇಲ್ಲ," ಎಂದು ಗೊಣಗುತ್ತಿದ್ದರು.

ಒಂದು ಭಾನುವಾರ ಕೋಳಿ ಮಾಡಿದ್ದೆವು. ನಮ್ಮಲ್ಲಿ ಕೋಳಿಯ ಲಿವರ್ ಯಜಮಾನನ ತಟ್ಟೆಗೆ. ನನ್ನ ಗಂಡ ಅದನ್ನೆತ್ತಿ ಮಗಳ ಅನ್ನದ ಮೇಲಿಟ್ಟರು.

"ಅಪ್ಪ, ನಂಗೆ ಇದರ ವಾಸನೆ ಆಗಲ್ಲ."

"ನಂಗೂ ಆಗಲ್ಲ. ಇಪ್ಪತ್ತು ವರ್ಷದಿಂದ ತಿಂತಿದೀನಿ, ನಿಮ್ಮಜ್ಜಿ ಹಾಕ್ತಾಳೆ ಅಂತ."

"ಅಯ್ಯೋ ಪಾಪಿ, ಬಾಯಿ ಬಿಟ್ಟು ಹೇಳೋಕೇನಾಗಿತ್ತು?" ಎಂದರು ಅತ್ತೆ.

"ಈ ಮನೇಲಿ ಯಾರು ಏನನ್ನ ಬಾಯಿ ಬಿಟ್ಟು ಹೇಳಿದಾರೆ ಅಮ್ಮ," ಎಂದು ನನ್ನ ಗಂಡ ನಕ್ಕರು. ಆಮೇಲೆ ಮಗಳ ಕಡೆ ನೋಡದೆ, ಅನ್ನ ಕಲಸುತ್ತಾ, "ನೀನು ಹೇಳಿದ್ದೆ. ನಾನು ನಂಬ್ಲಿಲ್ಲ," ಎಂದರು. ಉಲ್ಫಾ ಲಿವರನ್ನು ಎರಡು ಮಾಡಿ ಒಂದು ಚೂರನ್ನು ನನ್ನ ತಟ್ಟೆಗೆ ಹಾಕಿದಳು. ಹಿಂದಿನ ವಾರ ನನ್ನ ಬೆರಳನ್ನೂ ಚುಚ್ಚಿಸಿಕೊಂಡಿದ್ದೆ. 10.1. ಈಗ ಅತ್ತೆ ಎರಡು ಲೋಟ ಕಿತ್ತಳೆ ಹಿಂಡುತ್ತಿದ್ದರು.

ಜುಲೈ ಇಪ್ಪತ್ತರಂದು ನಾಲ್ವರೂ ಆರೋಗ್ಯ ಕೇಂದ್ರಕ್ಕೆ ಹೋದೆವು. ಯುನಿಯಾರ್ತಿ ಯಂತ್ರವನ್ನು ನಮ್ಮ ಕಡೆ ತಿರುಗಿಸಿದರು. 11.6.

ಹನ್ನೆರಡಲ್ಲ. ಉಲ್ಫಾ ತುಟಿ ಕಚ್ಚಿಕೊಂಡು ನಿಂತಳು. ಕಾರ್ಡು ಒಯ್ದು ಕೊಟ್ಟಾಗ ಸಾಲಿಹುನ್ ಮೇಷ್ಟ್ರು ಅದರ ಮೂರು ಸಂಖ್ಯೆಗಳನ್ನೂ ಬೆರಳಿಟ್ಟು ಓದಿದರು. "ಬಾವುಟ ಹಿಡಿಯೋ ಎಂಟು ಜನರಲ್ಲಿ ಹಾಕಲ್ಲ. ನಿಯಮ ನಿಯಮವೇ," ಎಂದರು. "ಬೆಂಗಾವಲಿನ ಸಾಲಲ್ಲಿ ಜಾಗ ಇದೆ. ಅದೂ ಬಿಸಿಲಲ್ಲೇ. ನಿಲ್ತೀಯಾ?"

"ನಿಲ್ತೀನಿ ಸರ್."

ಹದಿನೇಳರ ಬೆಳಿಗ್ಗೆ ಅವಳು ಮೂರನೆಯ ಸಾಲಿನಲ್ಲಿ, ಬಲದಿಂದ ನಾಲ್ಕನೆಯವಳಾಗಿ ನಿಂತಿದ್ದಳು. ಬಾವುಟ ಏರಿತು, ಭಾಷಣಗಳಾದವು, ಬಿಸಿಲು ನೆತ್ತಿಗೆ ಬಂತು. ಬೇರೆ ಶಾಲೆಯ ಒಬ್ಬಳು ಕುಸಿದಳು, ಅವಳನ್ನು ಹೊತ್ತೊಯ್ದರು. ನಾನು ಉಲ್ಫಾಳ ಮೊಣಕಾಲುಗಳನ್ನೇ ನೋಡುತ್ತಿದ್ದೆ. ಅತ್ತೆ ನನ್ನ ತೋಳು ಹಿಡಿದಿದ್ದರು, ಉಗುರು ಊರುವಷ್ಟು ಬಿಗಿಯಾಗಿ. ಉಲ್ಫಾ ಕೊನೆಯ ಆಜ್ಞೆಯವರೆಗೂ ನಿಂತಳು. ಮನೆಗೆ ಬಂದಾಗ ಗಂಟೆ ಹನ್ನೆರಡೂ ಆಗಿರಲಿಲ್ಲ. "ಇವತ್ತೊಂದಿನ ಬೇಗ ಇಳಿಸ್ಲಾ?" ಎಂದು ಅತ್ತೆ ಕಪಾಟಿನ ಕಡೆ ಕೈ ಮಾಡಿದರು. "ನಾಲ್ಕೂವರೆಗೆ ಅಜ್ಜಿ," ಎಂದಳು ಉಲ್ಫಾ, ಇನ್ನೂ ಸಮವಸ್ತ್ರದಲ್ಲೇ.

ಅವಳ ರಕ್ತ ಏರಿದ್ದು ಚಹಾದ ಹೊತ್ತು ಬದಲಾಯಿಸಿದ್ದಕ್ಕೋ, ಲಿವರಿಗೋ, ಅಥವಾ ಹಿತ್ತಲಿನ ಬಾತುಕೋಳಿಗಳಿಗೆ ಹೋಗುತ್ತಿದ್ದ ಅರ್ಧ ಅನ್ನ ಅವಳ ಹೊಟ್ಟೆಗೆ ಬರತೊಡಗಿದ್ದಕ್ಕೋ, ನನಗೆ ಗೊತ್ತಿಲ್ಲ. ಯುನಿಯಾರ್ತಿಯವರನ್ನು ಕೇಳಿದೆ, ಅವರೂ ಖಚಿತವಾಗಿ ಹೇಳಲಿಲ್ಲ. ಬ್ಯಾಗಿನ ವಿಷಯವನ್ನು ಉಲ್ಫಾ ಮರೆತಿದ್ದಾಳೋ ಇಲ್ಲವೋ, ಅದೂ ಗೊತ್ತಿಲ್ಲ. ಈಗ ಆ ಬ್ಯಾಗು ಜಿಪ್ಪು ತೆರೆದೇ ಹೊಸ್ತಿಲ ಬಳಿ ಬಿದ್ದಿರುತ್ತದೆ. ಉದಾಸೀನಕ್ಕೋ, ಬೇಕೆಂದೇ ಹಾಗೆ ಬಿಡುತ್ತಾಳೋ, ನಾನು ಕೇಳಿಲ್ಲ.