ದನಿಗೆ ರಜೆ ಹಾಕಿದ ಮಾವ

ಅವರು ಏನನ್ನಾದರೂ ಹೇಳಬೇಕೆಂದಾಗ ಮೊದಲು ಬಲಗೈಯ ಹೆಬ್ಬೆರಳು ಗಾಳಿಯಲ್ಲಿ ಇಲ್ಲದ ಒಂದು ಗುಂಡಿಯನ್ನು ಒತ್ತುತ್ತಿತ್ತು, ಎಡಗೈ ಕಿವಿಯ ಹಿಂದೆ ಬಟ್ಟಲಾಗುತ್ತಿತ್ತು, ಗದ್ದ ಒಂದಿಷ್ಟು ಮೇಲೇಳುತ್ತಿತ್ತು, ಎದೆಯ ತುಂಬ ಉಸಿರು ಸೇರುತ್ತಿತ್ತು; ಇಷ್ಟೆಲ್ಲ ಸಿದ್ಧತೆ ಮುಗಿದ ಮೇಲೆ ಬಾಯಿಂದ ಏನೂ ಬರುತ್ತಿರಲಿಲ್ಲ. ಸೇರಿದ ಉಸಿರು ಮೂಗಿನಿಂದ ಮೆಲ್ಲಗೆ ಇಳಿದುಹೋಗುತ್ತಿತ್ತು, ಹೆಬ್ಬೆರಳು ಗುಂಡಿಯನ್ನು ಬಿಡುತ್ತಿತ್ತು, ಅವರು ಮತ್ತೆ ತಮ್ಮ ಮುಂದಿನ ತಟ್ಟೆಯನ್ನೋ ಸರೋವರವನ್ನೋ ನೋಡುತ್ತ ಕೂರುತ್ತಿದ್ದರು. ಮೊದಲ ದಿನ ಇದನ್ನು ಕಂಡಾಗ ಯಾವುದೋ ಉಸಿರಾಟದ ವ್ಯಾಯಾಮವೆಂದುಕೊಂಡೆ. ಮರುದಿನ, ನನ್ನನ್ನು ಬೈಯಲು ಹೊರಟು ಕೊನೆಯ ಗಳಿಗೆಯಲ್ಲಿ ದಾಕ್ಷಿಣ್ಯಕ್ಕೆ ಬಿಟ್ಟರೆಂದುಕೊಂಡೆ. ಆಮೇಲೆ ಏನೆಂದುಕೊಳ್ಳಬೇಕೋ ತಿಳಿಯದೆ ಸುಮ್ಮನಾದೆ.

ಸರೋವರದ ದಂಡೆಯ ಆ ಹಾಸ್ಟೆಲಿಗೆ ನಾನು ಹೋದದ್ದು ಏನನ್ನೂ ಮಾಡದೆ ಇರುವುದಕ್ಕೆ. ಬೆನ್ನಿಗೆ ಚೀಲ ಏರಿಸಿಕೊಂಡು ಊರೂರು ಅಲೆಯುವ ಹುಡುಗ ಹುಡುಗಿಯರು ಅಗ್ಗದ ಹಾಸಿಗೆ ಹುಡುಕಿಕೊಂಡು ಬರುವ ಜಾಗ ಅದು. ಉದ್ದನೆಯ ಒಂದೇ ಕೋಣೆಯಲ್ಲಿ ಒಂದರ ಮೇಲೊಂದು ಮಂಚಗಳು, ಮಂಚಕ್ಕೊಂದು ಸೊಳ್ಳೆಪರದೆ, ಹಿಂದೆ ಎಲ್ಲರೂ ಬಳಸುವ ಅಡುಗೆಮನೆ, ಮುಂದೆ ಮರದಿಂದ ಮರಕ್ಕೆ ಬಿಗಿದ ಬಲೆಯ ಜೋಲಿಗಳು, ಅದರಾಚೆ ನೀರಿನೊಳಕ್ಕೆ ಚಾಚಿಕೊಂಡ ಹಲಗೆಯ ಕಟ್ಟೆ. ಮಧ್ಯಾಹ್ನದ ಸೆಕೆಗೆ ಗೋಡೆಯ ಮೇಲಿನ ಹಲ್ಲಿ ಕೂಡ ಮಿಸುಕುತ್ತಿರಲಿಲ್ಲ. ಸಂಜೆಯಾಗುತ್ತಲೇ ಹೇಳದೆ ಕೇಳದೆ ಮಳೆ ಸುರಿದು, ಒಣಹಾಕಿದ ಬಟ್ಟೆಗಳನ್ನೆಲ್ಲ ಮತ್ತೆ ಒದ್ದೆ ಮಾಡಿ, ಏನೂ ಆಗಿಲ್ಲವೆಂಬಂತೆ ನಿಂತುಬಿಡುತ್ತಿತ್ತು. ಹಾಸ್ಟೆಲು ನಡೆಸುತ್ತಿದ್ದಾಕೆ ಅರವತ್ತು ದಾಟಿದ ಗಟ್ಟಿಗಿತ್ತಿ. ಎಲ್ಲರೂ ಆಕೆಯನ್ನು ಅಮ್ಮ ಎನ್ನುತ್ತಿದ್ದರು. ಈ ಹೆಬ್ಬೆರಳಿನ ಮನುಷ್ಯ ಆಕೆಯ ಒಡಹುಟ್ಟಿದ ತಮ್ಮ. ಅಮ್ಮನ ತಮ್ಮ ಮಾವನಾಗದೆ ಇನ್ನೇನಾದಾನು? ಹೀಗಾಗಿ ಬಂದವರಿಗೆಲ್ಲ ಅವರು ಮಾವ. ವಯಸ್ಸಿನಲ್ಲಿ ನನಗಿಂತ ಕಿರಿಯರಾದರೂ ಗುಂಪಿನಲ್ಲಿ ಗೋವಿಂದ ಎಂದು ನಾನೂ ಮಾವ ಎಂದೇ ಕರೆದೆ.

ಅಂಗಿಯನ್ನೂ ಬೇಡವೆನ್ನುವ ಆ ಸೆಕೆಯಲ್ಲಿ ಮಾವ ಖಾಕಿ ಕೋಟು ತೊಡುತ್ತಿದ್ದರು. ಕೆಲಸದ ಕೋಟು. ಗುಂಡಿಗಳು ಉಜ್ಜಿ ಉಜ್ಜಿ ಬೆಳ್ಳಗಾಗಿದ್ದವು, ಕಂಕುಳಲ್ಲಿ ಬೆವರಿನ ಬಿಳಿಗೆರೆ ಕಟ್ಟಿತ್ತು, ಅಕ್ಕ ಒಗೆಯಲು ಕಿತ್ತುಕೊಂಡರೆ ಅದು ಒಣಗುವ ತನಕ ಹಗ್ಗದ ಪಕ್ಕದಲ್ಲೇ ನಿಂತಿರುತ್ತಿದ್ದರು. ನಡಿಗೆಯೂ ವಿಚಿತ್ರ. ಮೈಲಿಗಟ್ಟಲೆ ನರಪಿಳ್ಳೆಯಿಲ್ಲದ ದಂಡೆಯ ಮೇಲೆ ಒಂದು ಭುಜ ಮುಂದೆ ಮಾಡಿ, ಎದುರಿನಿಂದ ಜನಸಾಗರವೇ ನುಗ್ಗಿಬರುತ್ತಿದೆಯೆಂಬಂತೆ ಓರೆಯಾಗಿ ಸರಿದು ಸರಿದು ನಡೆಯುತ್ತಿದ್ದರು. ಮಲಗಲೆಂದು ಕಟ್ಟಿದ ಜೋಲಿಯಲ್ಲಿ ಎರಡೂ ಕಾಲು ನೆಲಕ್ಕೂರಿ ಬೆಂಚಿನ ಮೇಲೆ ಕುಳಿತಂತೆ ನೆಟ್ಟಗೆ ಕೂರುವ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ವಿಶ್ರಾಂತಿಯನ್ನು ಅವರು ಶಿಕ್ಷೆಯ ಹಾಗೆ ಅನುಭವಿಸುತ್ತಿದ್ದರು.

ನಾನು ನಮಸ್ಕಾರ ಎಂದರೂ ಉತ್ತರವಿಲ್ಲ, ಸೆಕೆ ಜಾಸ್ತಿ ಎಂದರೂ ಉತ್ತರವಿಲ್ಲ. ನನ್ನ ಮಂಚ ಮೇಲೆ, ಅವರದು ಕೆಳಗೆ. ಹತ್ತುವಾಗ ಅವರ ಕೈ ತುಳಿದರೂ ಚಕಾರವಿಲ್ಲ. ಏನು ಸೊಕ್ಕು ಈ ಮನುಷ್ಯನಿಗೆ ಎಂದು ನನಗೆ ಪಿತ್ತ ಕೆರಳಿತು. ಹಾಸಿಗೆಯ ಹೊದಿಕೆಗಳನ್ನು ಹಿಂಡುತ್ತಿದ್ದ ಅಕ್ಕನ ಹತ್ತಿರ ಹೋಗಿ, ನಿಮ್ಮ ತಮ್ಮನಿಗೆ ನನ್ನ ಮೇಲೇನು ಮುನಿಸು ಎಂದು ಕೇಳಿಯೇಬಿಟ್ಟೆ.

"ಅಯ್ಯೋ, ಮುನಿಸೂ ಇಲ್ಲ ಏನೂ ಇಲ್ಲ," ಎಂದರು ಆಕೆ, ಹೊದಿಕೆಯ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು. "ಗಂಟಲಲ್ಲಿ ಗಂಟಾಗಿದೆ. ಒಂದು ತಿಂಗಳು ತುಟಿ ಪಿಟಕ್ ಅನ್ಬಾರ್ದು ಅಂದಿದಾರೆ ಡಾಕ್ಟರು. ಮಾತಾಡಿದ್ರೆ ದನಿ ಪೂರ್ತಿ ಹೋಗತ್ತಂತೆ. ಹಿಡೀರಿ ಸರಿಯಾಗಿ."

ಹಿಡಿದೆ. ಹಿಂಡುತ್ತ ಹಿಂಡುತ್ತ ಆಕೆ ಉಳಿದದ್ದನ್ನು ಹೇಳಿದರು. ಮಾವ ಪಟ್ಟಣದ ದೊಡ್ಡ ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗುವವರು. ಗಾಜಿನ ಗೂಡಿನಲ್ಲಿ ಕುಳಿತು, ಮೈಕಿನ ಗುಂಡಿ ಒತ್ತಿ, ಎಲ್ಲಿಯ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವಾಗ ಹೊರಡುತ್ತದೆ ಎಂದು ಮೀಸೆ ಮೂಡಿದಂದಿನಿಂದ ಹೇಳುತ್ತ ಬಂದವರು. ಈಗ ಅಲ್ಲಿಗೊಂದು ಯಂತ್ರ ಬರುವುದಿತ್ತು. ಅಷ್ಟು ಚೆಂದದ ದನಿ ಇನ್ನೆಲ್ಲಿ ಸಿಕ್ಕೀತೆಂದು ಮೇಲಿನವರು ಮಾವನ ದನಿಯನ್ನೇ ಮುದ್ರಿಸಿ ಅದರಲ್ಲಿ ತುಂಬಲು ನಿರ್ಧರಿಸಿದ್ದರು. ಗಂಟಲು ವಾಸಿಯಾದರೆ ಮುದ್ರಣ. ಆಗದಿದ್ದರೆ ಬೇರೆ ಯಾರದಾದರೂ ದನಿ.

"ತುಂಬಿಸಿಬಿಟ್ರೆ ಇವನು ಮನೇಲಿ ಕೂತಿದ್ರೂ ಇವನ ದನಿ ಅಲ್ಲಿ ಕೂಗ್ತಾನೇ ಇರತ್ತೆ. ಸತ್ತ ಮೇಲೂ."

"ಮತ್ತೆ ಇವರ ಕೆಲಸ?" ಎಂದೆ.

"ಇನ್ಯಾಕೆ ಕೆಲಸ? ದನಿನೇ ಕೊಟ್ಟಾಯ್ತಲ್ಲ." ಆಕೆ ಹಿಂಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಒಳ್ಳೇದಾಯ್ತು ತಾನೇ? ನೀವೇ ಹೇಳಿ."

ನಾನು ಹೊದಿಕೆಯ ತುದಿಯನ್ನು ಇನ್ನೊಂದು ಸುತ್ತು ತಿರುಚಿದೆ. ದನಿ ಉಳಿದರೆ ಕೆಲಸ ಹೋಗುತ್ತದೆ, ದನಿ ಹೋದರೆ ಅದರೊಡನೆ ಎಲ್ಲವೂ ಹೋಗುತ್ತದೆ. ಯಾವುದಕ್ಕಾಗಿ ಆ ಮನುಷ್ಯ ಹಲ್ಲು ಕಚ್ಚಿಕೊಂಡು ಮೌನ ಕಾಯುತ್ತಿದ್ದಾರೆಂದು ಆ ದಿನವೂ ನನಗೆ ಬಗೆಹರಿಯಲಿಲ್ಲ. ಆದರೆ ಅಂದಿನಿಂದ ಅವರನ್ನು ನೋಡುವ ನನ್ನ ಕಣ್ಣು ಬದಲಾಯಿತು.

ತಮ್ಮನ ಮೌನಕ್ಕೆ ಅಕ್ಕ ತಾವೇ ದುಭಾಷಿಯಾಗಿ ನೇಮಕಗೊಂಡಿದ್ದರು, ಮತ್ತು ಆ ಕೆಲಸದಲ್ಲಿ ಆಕೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮಾವ ಅನ್ನ ಸಾಕೆಂದು ಅಂಗೈ ತೋರಿಸಿದರೆ "ಕೈ ತುಂಬ ಬಡಿಸ್ಬೇಕಂತೆ" ಎಂದು ಇನ್ನೊಂದು ಸೌಟು ಬೀಳುತ್ತಿತ್ತು. ತಲೆಯ ಮೇಲಿನ ಫ್ಯಾನು ಸಡಿಲವಾಗಿ ಅಲುಗುತ್ತಿದೆಯೆಂದು ಬೆರಳೆತ್ತಿ ಎಚ್ಚರಿಸಿದರೆ "ಸೆಕೆ ತಡ್ಯಕ್ಕಾಗ್ತಿಲ್ವಂತೆ ಪಾಪ" ಎಂದು ಆಕೆ ಅದನ್ನು ಇನ್ನಷ್ಟು ಜೋರು ಮಾಡಿದರು, ಫ್ಯಾನು ಬುಡಸಮೇತ ಕಳಚಿ ಖಾಲಿ ಮಂಚದ ಮೇಲೆ ಬಿದ್ದಾಗ, "ಬೀಳತ್ತೆ ಅಂತಿದ್ಯೇನೋ? ಸರಿಯಾಗಿ ಹೇಳ್ಬಾರ್ದೇನೋ!" ಎಂದು ಬೈದದ್ದೂ ಅವರನ್ನೇ. ಹೀಗೆ ಕ್ರಮೇಣ ಅಕ್ಕನ ಮಾತೆಂದರೆ ಅರ್ಧಕ್ಕರ್ಧ ಕಳೆಯದೆ ಯಾರೂ ನಂಬದಂತಾಯಿತು.

ಅಲೆಮಾರಿ ಮಕ್ಕಳಿಗೆ ಮಾತ್ರ ಮಾವನ ಮೌನ ಬೇರೆಯೇ ರೀತಿ ಕಂಡಿತು. ಮಾತಾಡದವನು ಜ್ಞಾನಿಯೇ ಇರಬೇಕೆಂದು ಅವರ ನಂಬಿಕೆ. ಪ್ರೀತಿಸಿದವನನ್ನು ಬಿಟ್ಟು ಬಂದ ಒಬ್ಬಳು ಇಡೀ ಮಧ್ಯಾಹ್ನ ಅವರ ಜೋಲಿಯ ಪಕ್ಕ ಕುಳಿತು ಕಣ್ಣೊರೆಸಿಕೊಳ್ಳುತ್ತ ಎಲ್ಲವನ್ನೂ ಹೇಳಿಕೊಂಡಳು. ಮಾವ ಒಂದೆರಡು ಸಲ ತಲೆಯಾಡಿಸಿದರು. ಅದು ಹೌದೋ ಅಲ್ಲವೋ, ನೊಣ ಓಡಿಸಿದ್ದೋ, ಮೂರಡಿ ದೂರದಲ್ಲಿದ್ದ ನನಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಸಂಜೆಯೇ ಚೀಲ ಕಟ್ಟಿಕೊಂಡು ಅವನಿದ್ದಲ್ಲಿಗೆ ಹೊರಟುಹೋದಳು. ಮಾವ ಗೇಟಿನ ತನಕ ಹೋಗಿ, ಅವಳು ಹತ್ತಿದ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು ಬಂದರು. ಯಾರೇ ಹೊರಟರೂ ಹಾಗೆ ಮಾಡದೆ ಇರುತ್ತಿರಲಿಲ್ಲ.

ಬೆಳಗಿನ ಹೊತ್ತು ಹಲಗೆಯ ಕಟ್ಟೆಯ ತುದಿಯಲ್ಲಿ ನಿಂತು ಅವರು ತುಟಿಯಾಡಿಸುವುದನ್ನು ಆಗಾಗ ಕಂಡಿದ್ದೆ. ದನಿಯಿಲ್ಲ, ಉಸಿರೂ ಇಲ್ಲ, ಬರೀ ತುಟಿ. ಊರುಗಳ ಹೆಸರು, ಅಂಕಣಗಳ ಸಂಖ್ಯೆ. "ಮೀನುಗಳಿಗೆ ಬಸ್ ಹತ್ತಿಸ್ತಿದಾನೆ" ಎಂದು ಅಕ್ಕ ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ತಿಂಗಳು ಮುಗಿಯಲು ಇನ್ನೇನು ಕೆಲವೇ ದಿನಗಳಿದ್ದವು. ಹೊಸದಾಗಿ ಮದುವೆಯಾದ ಒಂದು ಜೋಡಿ, ತಮಗಿಂತ ಎತ್ತರದ ಚೀಲಗಳನ್ನು ಗೋಡೆಗೊರಗಿಸಿ, ತಿಂಡಿಯ ಮೇಜಿನಲ್ಲಿ ಅಕ್ಕನನ್ನು ಬೆಟ್ಟದ ಮೇಲಿನ ಊರಿಗೆ ಹೋಗುವ ದಾರಿ ಕೇಳಿತು.

"ಪಟ್ಟಣದ ಸ್ಟ್ಯಾಂಡಿಗೆ ಹೋಗ್ಬೇಡಿ," ಎಂದರು ಅಕ್ಕ. "ಇಲ್ಲೇ ಕವಲುದಾರೀಲಿ ನಿಂತ್ಕೊಳ್ಳಿ. ಸಣ್ಣ ಬಸ್ ಬರತ್ತೆ. ಅದರಲ್ಲಿ ಅರ್ಧ ದಾರಿ ಹೋಗಿ, ಇಳಿದು, ಇನ್ನೊಂದು ಹತ್ಕೊಳ್ಳಿ."

ಎದುರಿಗೆ ಕುಳಿತಿದ್ದ ಮಾವನ ಕೈಯ ಲೋಟ ಬಾಯಿಯ ಹತ್ತಿರ ನಿಂತಿತು. ಅದನ್ನು ಕೆಳಗಿಟ್ಟರು. ತಲೆ ಅಡ್ಡಡ್ಡ ಆಡಿಸಿದರು. "ನೋಡಿ, ಇವನೂ ಹೌದು ಅಂತಿದಾನೆ" ಎಂದರು ಅಕ್ಕ. ಮಾವನ ಹೆಬ್ಬೆರಳು ಗಾಳಿಯನ್ನು ಒತ್ತಿತು, ಎಡಗೈ ಕಿವಿಗೆ ಹೋಯಿತು, ಗದ್ದ ಮೇಲೆದ್ದಿತು. ಈ ಸಲ ಉಸಿರು ಮೂಗಿನಿಂದ ಇಳಿಯಲಿಲ್ಲ.

"ಪ್ರಯಾಣಿಕರ ಗಮನಕ್ಕೆ."

ಆ ದನಿಯನ್ನು ನಾನು ಹೇಗೆ ವರ್ಣಿಸಲಿ? ಅದರಲ್ಲಿ ಅವಸರವಿರಲಿಲ್ಲ, ಅಬ್ಬರವಿರಲಿಲ್ಲ. ತಂಬಿಗೆಯ ನೀರು ತುಂಬಿದ ಕೊಳಗಕ್ಕೆ ಬಿದ್ದ ಹಾಗೆ ತುಂಬು, ತಂಪು. "ಹಳೆಯ ಸೇತುವೆಯ ಮಾರ್ಗವಾಗಿ ಬೆಟ್ಟದ ಮೇಲಿನ ಊರಿಗೆ ತೆರಳುವ ವಾಹನವು ನಿಲ್ದಾಣದ ನಾಲ್ಕನೆಯ ಅಂಕಣದಿಂದ ಹೊರಡಲಿದೆ. ಪ್ರಯಾಣಿಕರು ಮಾರ್ಗಮಧ್ಯದಲ್ಲಿ ವಾಹನ ಬದಲಾಯಿಸುವ ಅಗತ್ಯವಿರುವುದಿಲ್ಲ." ಚಮಚಗಳು ನಿಂತವು. ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದವರೂ ತಿರುಗಿ ನೋಡಿದರು. ಎಲ್ಲಿಗೂ ಹೋಗಬೇಕಿಲ್ಲದ ಒಬ್ಬ ಎದ್ದು ತನ್ನ ಚೀಲ ಹೆಗಲಿಗೇರಿಸಿಕೊಂಡಿದ್ದ. ಕೊನೆಯ ಪದಕ್ಕೆ ಬರುವಾಗ ದನಿ ಸೀಳಿತು, ಕೆಮ್ಮು ಬಂತು, ಮಾವ ಕತ್ತು ಹಿಡಿದುಕೊಂಡು ಬಗ್ಗಿದರು.

"ಏನ್ ಮಾಡ್ಬಿಟ್ಯೋ! ಇನ್ನೇನು ಮುಗೀತಿತ್ತಲ್ಲೋ!" ಎಂದು ಅಕ್ಕ ಸೌಟು ಹಿಡಿದೇ ಅಳತೊಡಗಿದರು.

ಜೋಡಿ ಯಾರ ಮಾತು ಕೇಳಿತೆಂದು ಬೇರೆ ಹೇಳಬೇಕಿಲ್ಲ. ಸಂಜೆಯ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಇಬ್ಬರೂ ವಾಪಸು ಬಂದರು. ನಾಲ್ಕನೆಯ ಅಂಕಣದಲ್ಲಿ ಮಧ್ಯಾಹ್ನದ ತನಕ ಕಾದರಂತೆ. ಹಳೆಯ ಸೇತುವೆ ಬಿರುಕು ಬಿಟ್ಟು ಮುಚ್ಚಿಹೋಗಿತ್ತು, ಆ ಬಸ್ಸಿನ ಓಡಾಟವೇ ನಿಂತಿತ್ತು. ಕವಲುದಾರಿಯ ಸಣ್ಣ ಬಸ್ಸೇ ಈಗ ಗತಿ. ಎಲ್ಲವನ್ನೂ ತಪ್ಪು ತಿಳಿಯುವ ಅಕ್ಕ, ತರಕಾರಿಯವನಿಂದ ಕೇಳಿದ್ದ ಇದೊಂದನ್ನು ಸರಿಯಾಗಿ ಹೇಳಿದ್ದರು. ಮಾವ ಬಾಗಿಲಲ್ಲೇ ಇದ್ದರು, ಅವರಿಂದ ಮುಚ್ಚಿಡುವ ಹಾಗಿರಲಿಲ್ಲ.

"ಯಾವಾಗಿಂದ?" ಎಂದರು. ಹರಿದ ಬಟ್ಟೆಯಂಥ ಪಿಸುದನಿ.

"ಹದಿನೈದು ದಿನ ಆಯ್ತಂತೆ. ನೀವು ಇಲ್ಲಿಗೆ ಬಂದ ಮೇಲೇನೇ ಅನ್ಸತ್ತೆ ಮಾವ," ಎಂದಳು ಹುಡುಗಿ, ತಲೆ ಒರೆಸಿಕೊಳ್ಳುತ್ತ. "ಬೇಜಾರು ಮಾಡ್ಕೋಬೇಡಿ. ನೀವು ಅಷ್ಟು ಚೆನ್ನಾಗಿ ಹೇಳಿದ್ರಲ್ಲ, ಬಸ್ ಬರೋದೇ ಇಲ್ಲ ಅಂತ ಅಲ್ಲಿ ಹೇಳಿದ್ರೂ ನಾವು ನಂಬಲಿಲ್ಲ."

ಮಾವ ಅವಳನ್ನೇ ನೋಡಿದರು. ಆಮೇಲೆ ಹಲಗೆಯ ಕಟ್ಟೆಗೆ ಹೋಗಿ ಕುಳಿತರು. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಸಮಾಧಾನ ಹೇಳಲು ಹೋಗಿದ್ದವನು ನಾನು, ಆದರೆ ಯಾವುದಕ್ಕೆ ಸಮಾಧಾನ ಹೇಳಬೇಕು, ಹೋದ ದನಿಗೋ ತಪ್ಪಿದ ಬಸ್ಸಿಗೋ, ಅದೇ ತೋಚಲಿಲ್ಲ.

"ಮುಚ್ಚಿದ ಸೇತುವೆ ಮೇಲೆ ಬಸ್ ಓಡಿಸ್ಬಿಟ್ಟೆ ನೋಡಿ ಸಾರ್," ಎಂದರು ಅವರೇ. ಕೋಟಿನ ಗುಂಡಿ ತಿರುವುತ್ತ, "ಯಂತ್ರದೊಳಗೆ ಕೂತಿದ್ರೂ ಇದನ್ನೇ ಹೇಳ್ತಿದ್ದೆ. ಚೆನ್ನಾಗೇ ಹೇಳ್ತಿದ್ದೆ. ಜನ ನಂಬ್ಕೊಂಡು ಕಾಯ್ತಿದ್ರು."

"ಬಾಯಿ ತಪ್ಪಿ ಬಂತಾ, ಬೇಕು ಅಂತ್ಲೇ ಬಾಯಿ ಬಿಟ್ರಾ?" ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ, ಆದರೆ ಬೆಳಗ್ಗೆಯಿಂದ ಒಳಗೇ ಕೊರೆದ ಪ್ರಶ್ನೆ.

"ನಂಗೂ ಗೊತ್ತಾಗ್ತಿಲ್ಲ ಸಾರ್. ಅವರು ತಪ್ಪು ಬಸ್ ಹತ್ಬಾರ್ದು. ಅಷ್ಟೇ ತಲೇಲಿದ್ದಿದ್ದು."

ದನಿ ಮರಳಲಿಲ್ಲ. ಆ ಪಿಸುಮಾತಷ್ಟೇ ಉಳಿಯಿತೆಂದು ಅಕ್ಕ ಆಮೇಲೆ ಫೋನಿನಲ್ಲಿ ಹೇಳಿದರು. ಯಂತ್ರಕ್ಕೆ ಬೇರೆ ಯಾರದೋ ದನಿ ತುಂಬಿಸಿದರಂತೆ. "ಈಗ ನನ್ನ ಜೊತೇಲೇ ಇದಾನೆ. ಬಂದವರಿಗೆಲ್ಲ ಇವನೇ ದಾರಿ ಹೇಳೋದು. ಹೇಳೋ ಮುಂಚೆ ಕವಲುದಾರಿ ತನಕ ನಡ್ಕೊಂಡು ಹೋಗಿ, ಬಸ್ ಇದೆಯಾ ಅಂತ ವಿಚಾರಿಸ್ಕೊಂಡು ಬರ್ತಾನೆ. ಅಷ್ಟೊತ್ತಿಗೆ ಇರೋ ಬಸ್ಸೂ ಹೋಗಿರತ್ತೆ!" ನೆಮ್ಮದಿಯಾಗಿದ್ದಾರೆಯೇ ಎಂದು ಕೇಳಿದೆ. "ಗೊತ್ತಾಗಲ್ಲಪ್ಪ. ಕೇಳಿದ್ರೆ ನಗ್ತಾನೆ," ಎಂದರು. ಅಕ್ಕ ತಮಗೆ ಗೊತ್ತಿಲ್ಲವೆಂದು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೆಲವರಿಗೆ ಕೆಲಸವೆಂಬುದು ಬೆಳಗ್ಗೆ ತೊಟ್ಟು ಸಂಜೆ ಕಳಚಿಡುವ ವಸ್ತುವಲ್ಲ. ಅದು ವರ್ಷಗಳ ಬಳಕೆಯಲ್ಲಿ ರಕ್ತಮಾಂಸಕ್ಕೆ ಇಳಿದು, ಎಂಥ ರಮಣೀಯ ಸರೋವರದ ದಂಡೆಯಲ್ಲಿ ಕೂರಿಸಿದರೂ ಅವರನ್ನು ಸುಮ್ಮನಿರಲು ಬಿಡುವುದಿಲ್ಲ. ಹೆಸರು ಕೂಡ ಗೊತ್ತಿಲ್ಲದ ಇಬ್ಬರು ದಾರಿ ತಪ್ಪಿಯಾರೆಂಬ ಕಳವಳಕ್ಕೆ ಇದ್ದೊಂದು ಸಂಪತ್ತನ್ನು ಒಂದೇ ಉಸಿರಿನಲ್ಲಿ ಸುರಿದುಬಿಡುವ ಇಂಥವರು ಮಹಾನುಭಾವರೋ ಶುದ್ಧ ಪೆದ್ದರೋ, ನನಗಿನ್ನೂ ತೀರ್ಮಾನವಾಗಿಲ್ಲ. ಸುರಿದದ್ದು ವ್ಯರ್ಥವಾಯಿತೆಂಬುದೂ ನಿಜ, ಹೇಳಿದ್ದು ತಪ್ಪಾಗಿತ್ತೆಂಬುದೂ ನಿಜ. ಆದರೂ ಒಂದು ಮಾತು ಹೇಳಬಲ್ಲೆ. ನನ್ನ ಬದುಕಿನಲ್ಲಿ ಸರಿಯಾದ ದಾರಿ ತೋರಿಸಿದವರು ಬೇಕಾದಷ್ಟು ಮಂದಿ ಸಿಕ್ಕಿದ್ದಾರೆ. ನಾನು ಊರು ಸೇರಲೇಬೇಕೆಂದು ಸಂಕಟಪಟ್ಟು ತೋರಿಸಿದವರು ಮಾತ್ರ ತೀರ ವಿರಳ.