ಆರೋಗ್ಯವಂತ ಮಗಳ ಕಾಯಿಲೆಗಳು

ಬೇಸಿಗೆ ಶಿಬಿರದ ಕಚೇರಿಯಿಂದ ಫೋನು ಬಂದಾಗ ಅಪ್ಪ ಯಾರದೋ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದ. ವಿಮಾ ಕಂಪನಿಯಲ್ಲಿ ಅವನ ಕೆಲಸವೇ ಅದು. ಯಾರು ಯಾವ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದಾರೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುವುದು, ಸಿಕ್ಕಿದರೆ ಕ್ಲೇಮು ತಿರಸ್ಕರಿಸುವುದು. ವರ್ಷಾನುಗಟ್ಟಲೆ ಇದನ್ನೇ ಮಾಡಿದ ಮನುಷ್ಯನ ಕೈಗೆ ಮಗಳ ಮೆಡಿಕಲ್ ಫಾರ್ಮು ಕೊಟ್ಟದ್ದು ಮನೆಯವರ ತಪ್ಪು ಎಂದೇ ಹೇಳಬೇಕು.

"ಸಾರ್, ನಿಮ್ಮ ಮಗಳ ಫಾರ್ಮ್ ನೋಡಿದ್ವಿ," ಎಂದಳು ಆ ಕಡೆಯ ಹೆಂಗಸು. ಐಸಿಯು ಬಾಗಿಲಲ್ಲಿ ನಿಂತವರ ಜೊತೆ ಮಾತಾಡುವ ದನಿ ಅದು. "ಪಾಪ, ಈ ವಯಸ್ಸಿಗೇ ಎಷ್ಟೊಂದು ಅನುಭವಿಸ್ಬಿಟ್ಟಿದೆ ಮಗು. ಆದ್ರೆ ನಮ್ಮಲ್ಲಿರೋದು ಒಬ್ಬರೇ ನರ್ಸು. ಇಂಥ ಮಗೂನ ನೋಡ್ಕೊಳ್ಳೋ ಅನುಕೂಲ ಇಲ್ಲಿಲ್ಲ."

"ಎಂಥ ಮಗೂನ?"

"ನೀವೇ ಬರ್ದಿದ್ದೀರಲ್ಲ ಸಾರ್, ಮೂರು ಹಾಳೆ!"

ನಿಜ, ಅವನೇ ಬರೆದಿದ್ದ. ಫಾರ್ಮಿನ ಮೊದಲರ್ಧ ಪೋಷಕರು ತುಂಬಬೇಕಾದದ್ದು, ಉಳಿದರ್ಧ ಡಾಕ್ಟರು ಮಗುವನ್ನು ಪರೀಕ್ಷಿಸಿ ತುಂಬಬೇಕಾದದ್ದು. ತನ್ನ ಪಾಲಿನದನ್ನು ಗಡುವಿಗೆ ಎಷ್ಟೋ ಮೊದಲೇ ಕಳಿಸಿಬಿಟ್ಟಿದ್ದ. ಅದರಲ್ಲಿ 'ಹಿಂದಿನ ಕಾಯಿಲೆಗಳು' ಎಂಬಲ್ಲಿ ಬೆಂಕಿಪೊಟ್ಟಣದಷ್ಟು ಜಾಗ ಬಿಟ್ಟಿದ್ದರು. ಬೇರೆ ಯಾವ ಅಪ್ಪನಾದರೂ 'ಏನೂ ಇಲ್ಲ' ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದ. ಇವನು 'ಲಗತ್ತಿಸಿದ ಹಾಳೆಗಳನ್ನು ನೋಡಿ' ಎಂದು ಬರೆದು, ಹುಟ್ಟಿದ ವಾರದ ಕಾಮಾಲೆಯಿಂದ ಹಿಡಿದು ಮೊನ್ನೆ ಮೊನ್ನೆಯ ಮೊಣಕಾಲ ತರಚುಗಾಯದವರೆಗೆ ಮಗಳ ಮೈಯ ಚರಿತ್ರೆಯನ್ನು ತಾರೀಖು ಸಮೇತ ಬರೆದಿದ್ದ. ಅಂಥ ವಿವರಗಳು ಅವನ ಬೆರಳ ತುದಿಯಲ್ಲಿರುತ್ತಿದ್ದವು.

ಕಾಯುವ ಪಟ್ಟಿಯಲ್ಲಿ ಬೇರೆ ಮಕ್ಕಳಿದ್ದಾರೆ, ಇವತ್ತು ಸಂಜೆ ಕಚೇರಿ ಮುಚ್ಚುವುದರೊಳಗೆ ಮಗು ಆರೋಗ್ಯವಾಗಿದೆ ಎಂದು ಡಾಕ್ಟರು ಬರೆದ ಭಾಗ ತಂದುಕೊಟ್ಟರೆ ಸರಿ, ಇಲ್ಲದಿದ್ದರೆ ಜಾಗ ಅವರಿಗೆ ಹೋಗುತ್ತದೆ ಎಂದು ಹೇಳಿ ಹೆಂಗಸು ಫೋನಿಟ್ಟಳು.

ಅಪ್ಪ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದ. ಮಗಳು ರಾತ್ರಿಯೂ ಶಿಬಿರದಲ್ಲೇ ಉಳಿಯಲೆಂದು ಮನೆಯಲ್ಲಿ ಬ್ಯಾಗು ತುಂಬಿ ಬಾಗಿಲ ಹತ್ತಿರವೇ ಇಟ್ಟುಕೊಂಡಿದ್ದಳು. ಅಲ್ಲಿನ ಕೆರೆಯಲ್ಲಿ ದೋಣಿ ಹುಟ್ಟು ಹಾಕುವ ಅಭ್ಯಾಸ ಈಗಾಗಲೇ ಸೋಫಾದ ಮೇಲೆ, ಪೊರಕೆ ಹಿಡಿದು ನಡೆದಿತ್ತು. ಅವಳನ್ನು ಎಲ್ಲರೂ ಚಿನಕುರುಳಿ ಎನ್ನುತ್ತಿದ್ದರು. ಒಂದು ಕಡೆ ಕೂತವಳಲ್ಲ, ಬಾಯಿ ಮುಚ್ಚಿದವಳೂ ಅಲ್ಲ.

ಹೆಂಡತಿಗೆ ಫೋನು ಮಾಡಿದ. ಟೌನ್ ಬಸ್ ಓಡಿಸುವ ಅವಳು ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಟೀ ಕುಡಿಯುತ್ತಿದ್ದಳು.

"ಅಂಗಿ ಗುಂಡಿ ನುಂಗಿದ್ದೂ ಬರ್ದ್ರಾ?" ಎಂದು ಕೇಳಿದಳು.

"ಬರೀದೇ ಇರೋಕಾಗತ್ತಾ? ನಾಳೆ ಏನಾದ್ರೂ ಆದ್ರೆ—"

"ರೀ, ಅದು ಶಿಬಿರ, ನಿಮ್ಮ ಆಫೀಸಲ್ಲ. ನನ್ನ ಬಸ್ಸಿಗೆ ಟೈಮಾಯ್ತು. ಸಂಜೆ ನಾನು ಬರೋ ಹೊತ್ತಿಗೆ ಆ ಹುಡುಗಿ ಮುಖ ಊದಿಸ್ಕೊಂಡು ಕೂತಿದ್ರೆ ನಿಮ್ಮ ಜೊತೆ ಮಾತು ಬಿಟ್ಟೆ ಅಂತ ತಿಳ್ಕೊಳ್ಳಿ."

ಅಪ್ಪ ಅರ್ಧ ದಿನದ ರಜೆ ಬರೆದು ಎದ್ದುಬಿದ್ದು ಮನೆಗೆ ಓಡಿದ. ಮಗಳನ್ನು ಕರೆದುಕೊಂಡು ಡಾಕ್ಟರಜ್ಜಿಯ ಕ್ಲಿನಿಕ್ಕಿಗೆ ಬಂದ. ಈ ಡಾಕ್ಟರಜ್ಜಿ ಚಿನಕುರುಳಿಯನ್ನು ಹುಟ್ಟಿದಾಗಿನಿಂದ ನೋಡಿದವರು. ಸೂಜಿ ಚುಚ್ಚುವಾಗಲೂ ನಗಿಸುವವರು, ಆದರೆ ದೊಡ್ಡವರನ್ನು ಕಂಡರೆ ಅಷ್ಟಕ್ಕಷ್ಟೇ.

ತಪಾಸಣೆ ಶುರುವಾಯಿತು. ಚಿನಕುರುಳಿ ತೂಕದ ಯಂತ್ರದ ಮೇಲೆ ನಿಂತಳು, ಗೋಡೆಗೆ ಬೆನ್ನು ಕೊಟ್ಟು ಎತ್ತರ ಅಳೆಸಿಕೊಂಡಳು, ಒಂದು ಕಣ್ಣು ಮುಚ್ಚಿ ಅಕ್ಷರಗಳನ್ನು ಓದಿದಳು. ಕೊನೆಯ ಸಾಲಿನ ಕೆಳಗೆ ಅಚ್ಚು ಹಾಕಿದವರ ವಿಳಾಸ ಇರುವೆಯಷ್ಟು ಸಣ್ಣದಾಗಿತ್ತು, ಅದನ್ನೂ ಓದಿದಳು. ಒಂಟಿ ಕಾಲಲ್ಲಿ ಕುಪ್ಪಳಿಸು ಎಂದರೆ ಬಾಗಿಲವರೆಗೆ ಹೋಗಿ, ಕಾಲು ಬದಲಾಯಿಸಿಕೊಂಡು ವಾಪಸು ಬಂದಳು. ಡಾಕ್ಟರಜ್ಜಿ ಎದೆಗೆ ಸ್ಟೆತೊಸ್ಕೋಪ್ ಇಟ್ಟು "ಜೋರಾಗಿ ಉಸಿರು ಎಳ್ಕೋ" ಎಂದರು. ಅಪ್ಪ ತಾನೂ ಉಸಿರು ಎಳೆದುಕೊಂಡ, ಬಿಡುವುದನ್ನು ಮರೆತ.

ಆಮೇಲೆ ಡಾಕ್ಟರಜ್ಜಿ ಕನ್ನಡಕ ಏರಿಸಿ, ಅಪ್ಪ ತಂದಿದ್ದ ಆ ಮೂರು ಹಾಳೆಯ ನಕಲನ್ನು ಕೈಗೆತ್ತಿಕೊಂಡರು.

"ಗುಂಡಿ ನುಂಗಿದ್ದು. ಹೊರಗೆ ಬಂತೇನಪ್ಪಾ?"

"ಬಂತು ಡಾಕ್ಟ್ರೇ. ಮಾರನೇ ದಿನವೇ."

"ಅದನ್ನೂ ಬರೀಬೇಕಿತ್ತು. ಇದನ್ನ ಓದಿದವರು ಇನ್ನೂ ಒಳಗೇ ಇದೆ ಅನ್ಕೊಂಡಿರ್ತಾರೆ." ಹಾಳೆ ತಿರುಗಿಸಿದರು. "ಸ್ಕೂಲಿನ ಕಾರ್ಯಕ್ರಮದ ಹಿಂದಿನ ದಿನ ಹೊಟ್ಟೆನೋವು. 'ಕಾರಣ ತಿಳಿದುಬಂದಿಲ್ಲ.' ಯಾಕೆ ಪುಟ್ಟಿ, ಕಾರಣ ಏನು?"

"ನಂಗೆ ಡ್ಯಾನ್ಸ್ ಬರ್ತಿರ್ಲಿಲ್ಲ," ಎಂದಳು ಚಿನಕುರುಳಿ.

ಡಾಕ್ಟರಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಪೆಚ್ಚಾಗಿ ಹಲ್ಲು ಕಿರಿದ. ಆದರೆ ಮೂರನೇ ಹಾಳೆಗೆ ಬಂದಾಗ ಅವರ ನಗು ನಿಂತಿತು. ಚಿಕ್ಕವಳಿದ್ದಾಗ ಬಂದಿದ್ದ ನ್ಯುಮೋನಿಯಾಕ್ಕೆ ಅಪ್ಪ ಆ ಹಾಳೆಯನ್ನೇ ಮೀಸಲಿಟ್ಟಿದ್ದ. ಆ ಆಸ್ಪತ್ರೆ ವಾಸ ಅವರಿಗೂ ನೆನಪಿತ್ತು, ಅಪ್ಪ ಕುರ್ಚಿ ಬಿಟ್ಟು ಏಳದೆ ಕೂತಿದ್ದೂ ನೆನಪಿತ್ತು.

"ಇದೊಂದು ಮುಖ್ಯ. ಇದನ್ನ ನಾನು ಬರೀತೀನಿ, ಪೂರ್ತಿ ವಾಸಿಯಾಗಿದೆ ಅಂತಾನೂ ಬರೀತೀನಿ. ಉಳಿದಿದ್ದೆಲ್ಲ ಮಕ್ಕಳು ಬೆಳೆಯೋ ರೀತಿ ಕಣಪ್ಪಾ." ಪೆನ್ನು ತೆಗೆದು ಚಿನಕುರುಳಿಯ ಕಡೆ ತಿರುಗಿದರು. "ನಿದ್ದೆ ಚೆನ್ನಾಗಿ ಬರತ್ತಾ?"

ಇಷ್ಟು ಹೊತ್ತು ಪಟಪಟ ಅಂದವಳು ಅಪ್ಪನ ಮುಖ ನೋಡಿ ಸುಮ್ಮನಾದಳು.

"ಹೇಳು ಪುಟ್ಟಿ, ಪರವಾಗಿಲ್ಲ."

"ನಂಗೆ ಬರತ್ತೆ. ಅಪ್ಪಂಗೇ ಬರಲ್ಲ. ಅವನು ಎದ್ದು ಬಂದು ನನ್ನ ಮೂಗಿನ ಹತ್ರ ಕೈ ಇಟ್ಟು ನೋಡ್ತಾನೆ, ಉಸಿರಾಡ್ತಿದ್ದೀನಾ ಅಂತ. ನಂಗೆ ಎಚ್ಚರ ಆಗತ್ತೆ. ಆದ್ರೂ ನಿದ್ದೆ ಬಂದಿರೋ ಥರ ಮಲಗಿರ್ತೀನಿ. ಇಲ್ಲಾಂದ್ರೆ ಅವನು ಹೋಗಿ ಮಲಗಲ್ಲ."

ಅಪ್ಪನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಮಗಳಿಗೆ ಗೊತ್ತಾಗದಂತೆ ಬೆಕ್ಕಿನ ಹೆಜ್ಜೆ ಇಟ್ಟು ಹೋಗಿಬರುತ್ತೇನೆ ಎಂದುಕೊಂಡಿದ್ದ. ಅವಳೋ ಇವನಿಗಾಗಿ ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತಿದ್ದಳು. ನಾಚಿಕೆಯಾಯಿತು, ಮುದ್ದೂ ಉಕ್ಕಿ ಬಂತು. ಆ ಮೂರು ಹಾಳೆ ಬರೆದದ್ದು ಕೆಲಸದ ಚಾಳಿಯಿಂದ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಈಗ ನೋಡಿದರೆ ಅದು ಬರೀ ಭಯ. ಇವಳನ್ನು ಕಳಿಸಲು ಅವನಿಗೆ ಮನಸ್ಸಿರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ.

ಡಾಕ್ಟರಜ್ಜಿ ತಮ್ಮ ಪಾಲಿನ ಕಾಲಂಗಳನ್ನೆಲ್ಲ ತುಂಬಿದರು. ಸಹಿ ಹಾಕಿ ಸೀಲು ಒತ್ತಿ ಫಾರ್ಮನ್ನು ಅವನ ಕೈಗೆ ಕೊಟ್ಟರು.

ಶಿಬಿರದ ಕಚೇರಿ ಒಂದು ಸೈಕಲ್ ಅಂಗಡಿಯ ಮಹಡಿಯಲ್ಲಿತ್ತು. ಮೂಲೆಯಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳು ರಾಶಿ ಬಿದ್ದಿದ್ದವು. ಫೋನಿನ ಹೆಂಗಸು ಫಾರ್ಮನ್ನು ಓದಿದಳು, ಎದುರಿಗೆ ತುದಿಗಾಲಲ್ಲಿ ಕುಣಿಯುತ್ತಿದ್ದ ಹುಡುಗಿಯನ್ನು ಒಮ್ಮೆ ನೋಡಿದಳು. ಮೂರು ಹಾಳೆಯಲ್ಲಿ ಓದಿದ ಮಗು ಇದೇನಾ ಎಂಬ ಅನುಮಾನ ಮುಖದಲ್ಲಿ ಎದ್ದು ಕಾಣುತ್ತಿತ್ತು.

"ಎಲ್ಲಾ ಸರಿಯಾಗಿದೆ ಸಾರ್. ಮನೆ ಬಿಟ್ಟು ಬೇರೆ ಕಡೆ ಯಾವತ್ತಾದ್ರೂ ಮಲಗಿದ್ದಾಳಾ?"

"ಇಲ್ಲ."

"ಹಾಗಿದ್ರೆ ಒಂದು ಮಾತು. ಈಗ ಬೇಡ ಅನ್ಸಿದ್ರೆ ಮುಂದಿನ ವರ್ಷಕ್ಕೆ ಇವಳ ಜಾಗ ಹಾಗೇ ಇಟ್ಟಿರ್ತೀವಿ. ಎಷ್ಟೋ ಅಪ್ಪ ಅಮ್ಮಂದಿರು ಹಾಗೇ ಮಾಡ್ತಾರೆ. ಆದ್ರೆ ಈಗಲೇ ಹೇಳ್ಬೇಕು."

ಅಪ್ಪನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮುಂದಿನ ವರ್ಷ. ಯಾರಿಗೂ ನಷ್ಟವಿಲ್ಲ, ಯಾರೂ ತಪ್ಪು ಹೇಳುವಂತಿಲ್ಲ. ಬಾಯಿ ತೆರೆದ. ಅಷ್ಟರಲ್ಲಿ ಚಿನಕುರುಳಿ ಕುಣಿಯುವುದನ್ನು ನಿಲ್ಲಿಸಿ ಅವನ ತೋಳು ಜಗ್ಗಿದಳು.

"ಅಪ್ಪಾ, ನಿಂಗೆ ಬೇಜಾರಾಗತ್ತೆ ಅಂದ್ರೆ ನಾನು ಮುಂದಿನ ವರ್ಷಾನೇ ಹೋಗ್ತೀನಿ."

ಮೂಗಿನ ಹತ್ತಿರ ಕೈ ಬಂದಾಗ ಹೇಗೆ ಮಲಗಿರುತ್ತಿದ್ದಳೋ ಹಾಗೆಯೇ ಇತ್ತು ಆ ಮುಖ, ಏನೂ ಆಗಿಲ್ಲ ಎಂಬಂತೆ. ತೋಳು ಹಿಡಿದ ಬೆರಳುಗಳು ಮಾತ್ರ ಬಿಗಿಯಾಗಿದ್ದವು.

"ಬೇಜಾರಾಗತ್ತೆ ಕಣೇ," ಎಂದ ಅಪ್ಪ. "ತುಂಬಾ ಬೇಜಾರಾಗತ್ತೆ. ಅದು ನನ್ನ ಪಾಡು, ನಾನು ನೋಡ್ಕೊಳ್ತೀನಿ. ನೀನು ಈ ವರ್ಷಾನೇ ಹೋಗ್ಬಾ."

ಹೆಂಗಸು ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಮುಗಿಸಿ ಮಗಳ ತಲೆ ಸವರೋಣವೆಂದು ತಿರುಗಿದರೆ ಅವಳು ಪಕ್ಕದಲ್ಲಿರಲಿಲ್ಲ. ಮೂಲೆಯ ರಾಶಿಯಿಂದ ಒಂದು ಜಾಕೆಟ್ ಎಳೆದು ತಲೆಯ ಮೇಲಿಂದ ತೂರಿಸಿಕೊಳ್ಳುತ್ತಿದ್ದಳು. ಅಪ್ಪ ಹಾಗೇ ನಿಂತು ನೋಡಿದ. ಅವಳು ಒಮ್ಮೆಯೂ ಅವನ ಕಡೆ ತಿರುಗಿ ನೋಡಲಿಲ್ಲ.